ಉಡುಪಿಯ ಮನೆಗೆ ಪ್ರೊಜೆಕ್ಟರ್: ಡಿಎಲ್‌ಪಿಯಾ, ಎಲ್‌ಸಿಡಿಯಾ? ಕಪ್ಪು ಪಟ್ಟಿ ಇಲ್ಲದ ಚಿತ್ರ ಸಾಧ್ಯವಾ?

ಉಡುಪಿಯಲ್ಲಿ ಮನೆ ಕಟ್ಟಿಸುತ್ತಿದ್ದೀರಿ, ಹಾಲ್‌ಗೆ ಮೂಲೆಯಿಂದ ಮೂಲೆಗೆ 100 ಇಂಚಿನ ಪರದೆ ಹಾಕುವ ಆಸೆ. ಡಿಎಲ್‌ಪಿ, ಎಲ್‌ಸಿಡಿ, ಎಲ್‌ಕಾಸ್ ಈ ಮೂರು ಬಗೆಯ ಪ್ರೊಜೆಕ್ಟರ್‌ಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ, ಹಳೆ ಯಕ್ಷಗಾನದ ಡಿವಿಡಿ ಹಾಕಿದರೆ ಅಕ್ಕಪಕ್ಕ ಕಪ್ಪು ಪಟ್ಟಿ, ಇದಕ್ಕೆ ಪರಿಹಾರ ಇದೆಯಾ ಅಂತಲೂ ಕೇಳಿದ್ದೀರಿ. ಜೊತೆಗೆ ಮಾವ ಗಲ್ಫ್‌ನಿಂದ ತಂದ ದೊಡ್ಡ ಪ್ರೊಜೆಕ್ಷನ್ ಟಿವಿ ರಿಪೇರಿ ಆಗಬಹುದಾ ಅಂತ.

ನಾನು ಮಂಗಳೂರಲ್ಲಿ ತುಂಬಾ ವರ್ಷ ಟಿವಿ ರಿಪೇರಿ ಮಾಡಿದವನು. ಈಗ ಮೆಹೆಂದಿ, ರೋಸ್ (ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರ), ಕ್ರಿಕೆಟ್ ಮ್ಯಾಚು, ಭಜನಾ ಮಂದಿರದ ವಾರ್ಷಿಕೋತ್ಸವ ಇಂಥದ್ದಕ್ಕೆಲ್ಲ ಪ್ರೊಜೆಕ್ಟರ್ ಬಾಡಿಗೆಗೆ ಕೊಡುತ್ತೇನೆ. ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದರ ಉತ್ತರ ಸುಲಭ: ಬೇಡ ಮಾರಾಯ್ರೆ.

ನಮ್ಮ ಚಿಕ್ಕಪ್ಪನೂ ಅಂಥದ್ದೊಂದು ತಂದಿದ್ದರು. ಎತ್ತಲು ನಾಲ್ಕು ಜನ ಬೇಕಾಯಿತು. ಅದರ ಹೊಟ್ಟೆಯೊಳಗೆ ಮೂರು ಚಿಕ್ಕ ಪಿಕ್ಚರ್ ಟ್ಯೂಬ್ ಇರುತ್ತವೆ, ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಪ್ರತಿಯೊಂದರ ಮುಂದೆ ಒಂದು ಲೆನ್ಸ್. ಹಿಂದೆ ಓರೆಯಾಗಿ ಒಂದು ದೊಡ್ಡ ಕನ್ನಡಿ. ಮೂರೂ ಚಿತ್ರ ಕನ್ನಡಿಗೆ ಹೊಡೆದು, ಮುಂದಿನ ಪರದೆಯ ಮೇಲೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೂರುವುದಿಲ್ಲ, ಅದೇ ಸಮಸ್ಯೆ. ಹಾಗಾಗಿ ಕನ್ವರ್ಜೆನ್ಸ್, ಅಂದರೆ ಮೂರೂ ಬಣ್ಣ ಕೂಡುವುದನ್ನು, ಸೆಟ್ ಮಾಡಬೇಕು. ಸರ್ವಿಸ್ ಮೆನು ತೆರೆದರೆ ಪರದೆ ತುಂಬಾ ಚೌಕುಳಿ ಗೆರೆ ಬರುತ್ತದೆ. ಹಸಿರು ಗೆರೆಯನ್ನು ಆಧಾರ ಇಟ್ಟುಕೊಂಡು ಕೆಂಪನ್ನೂ ನೀಲಿಯನ್ನೂ ಒಂದೊಂದೇ ಮೂಲೆಯಲ್ಲಿ ಎಳೆದು ತಂದು ಕೂರಿಸಬೇಕು. ಎಲ್ಲ ಸರಿ ಕೂತಾಗ ಗೆರೆ ಬಿಳಿಯಾಗುತ್ತದೆ. ಬಲಗಡೆ ಕೆಳಮೂಲೆ ಸರಿ ಮಾಡಿದರೆ ಎಡಗಡೆ ಮೇಲ್ಮೂಲೆ ಹಾಳು. ಒಂದು ಭಾನುವಾರ ಊಟ ಮುಗಿಸಿ ಕೂತವನು ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಚಿಕ್ಕಮ್ಮ ಮೂರು ಸಲ ಚಹಾ ಕೊಟ್ಟರು, ಮೂರನೆಯ ಸಲ ಸ್ವಲ್ಪ ಸಿಟ್ಟಿನಲ್ಲಿ.

ನಿಮ್ಮ ಮಾವನ ಟಿವಿಯಲ್ಲಿ ಬಣ್ಣಗಳು ಬೇರೆಬೇರೆಯಾಗಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತಿದ್ದರೆ ಹೆಚ್ಚಾಗಿ ಕನ್ವರ್ಜೆನ್ಸ್‌ನ ಎಸ್‌ಟಿಕೆ ಅನ್ನುವ ಐಸಿ ಚಿಪ್ ಹೋಗಿರುತ್ತದೆ. ಟ್ಯೂಬ್ ಮತ್ತು ಲೆನ್ಸ್ ನಡುವೆ ತಂಪಿಗೆ ಗ್ಲೈಕಾಲ್ ದ್ರವ ಇರುತ್ತದೆ. ಅದು ಸೋರಿ ಬೋರ್ಡಿಗೆ ಇಳಿದಿದ್ದರೆ ಆಸೆ ಬಿಟ್ಟುಬಿಡಿ. ಮುಚ್ಚಳ ತೆಗೆದು ನೋಡಲು ಮಾತ್ರ ಹೋಗಬೇಡಿ. ಟ್ಯೂಬಿಗೆ ಹೋಗುವುದು ಸುಮಾರು 30 ಸಾವಿರ ವೋಲ್ಟ್, ಪ್ಲಗ್ ತೆಗೆದ ಮೇಲೂ ಸ್ವಲ್ಪ ಉಳಿದಿರುತ್ತದೆ.

ಒಂದು ಮಾತು ಅದರ ಪರವಾಗಿಯೂ ಹೇಳಬೇಕು. ಆ ಟ್ಯೂಬ್ ಕಪ್ಪು ತೋರಿಸುವಾಗ ನಿಜವಾಗಿ ಆರುತ್ತಿತ್ತು. ರಾತ್ರಿ ಲೈಟ್ ಆರಿಸಿ ಹಳೆ ಕಪ್ಪುಬಿಳುಪು ಸಿನಿಮಾ ಹಾಕಿದರೆ ಈಗಿನ ಅಗ್ಗದ ಪ್ರೊಜೆಕ್ಟರ್‌ಗಳು ನಾಚಬೇಕು. ಆಮೇಲೆ ಇದೇ ಪೆಟ್ಟಿಗೆಯೊಳಗೆ ಡಿಎಲ್‌ಪಿ, ಎಲ್‌ಸಿಡಿ, ಎಲ್‌ಕಾಸ್ ಹಾಕಿ ಟಿವಿ ಮಾಡಿದರು. ತೆಳ್ಳಗಿನ ಟಿವಿ ಅಗ್ಗವಾದ ಮೇಲೆ ಯಾರಿಗೂ ಬೇಡವಾಯಿತು. ಕೊನೆಯ ತನಕ ಹಟ ಹಿಡಿದಿದ್ದ ಮಿತ್ಸುಬಿಷಿಯೂ 2012ರಲ್ಲಿ ಕೈಬಿಟ್ಟಿತು. ಆ ಮೂರು ವಿಧಾನ ಈಗ ಉಳಿದಿರುವುದು ಗೋಡೆಗೆ ಬಿಡುವ ಪ್ರೊಜೆಕ್ಟರ್‌ಗಳಲ್ಲಿ.

ಡಿಎಲ್‌ಪಿ ಅಂದರೆ ಕನ್ನಡಿಗಳ ಆಟ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಇದನ್ನ ಕಂಡುಹಿಡಿದರು. ಉಗುರಿನಷ್ಟು ದೊಡ್ಡ ಚಿಪ್‌ನ ಮೇಲೆ ಲಕ್ಷಗಟ್ಟಲೆ ಕನ್ನಡಿ, ಒಂದೊಂದೂ ಕೂದಲಿನ ದಪ್ಪಕ್ಕಿಂತ ಎಷ್ಟೋ ಚಿಕ್ಕದು. ಕನ್ನಡಿ ಈ ಕಡೆ ವಾಲಿದರೆ ಬೆಳಕು ಪರದೆಗೆ, ಆ ಕಡೆ ವಾಲಿದರೆ ಪರದೆಗೆ ಇಲ್ಲ. ಸೆಕೆಂಡಿಗೆ ಸಾವಿರಾರು ಸಲ ಹೀಗೆ ವಾಲುತ್ತದೆ. ಮನೆಗೆ ಬರುವ ಮಾಡೆಲ್‌ಗಳಲ್ಲಿ ಚಿಪ್ ಒಂದೇ. ಹಾಗಾಗಿ ಬಣ್ಣಗಳನ್ನು ಒಂದಾದ ಮೇಲೊಂದು ತೋರಿಸಬೇಕು, ಲ್ಯಾಂಪ್ ಇರುವುದರಲ್ಲಿ ಅದಕ್ಕೊಂದು ಬಣ್ಣದ ಚಕ್ರ ತಿರುಗುತ್ತಿರುತ್ತದೆ. ಕೆಲವರ ಕಣ್ಣು ಇದನ್ನ ಹಿಡಿದುಬಿಡುತ್ತದೆ. ನನ್ನ ಹೆಂಡತಿಗೆ ಬಿಳಿ ಸಬ್‌ಟೈಟಲ್‌ನಿಂದ ಕಣ್ಣು ಹೊರಳಿಸಿದಾಗಲೆಲ್ಲ ಕೆಂಪು, ಹಸಿರು, ನೀಲಿ ಮಿಂಚು ಕಾಣುತ್ತದೆ, ಅರ್ಧ ಗಂಟೆಯಲ್ಲಿ ತಲೆನೋವು. ನನಗೆ ಏನೂ ಕಾಣುವುದಿಲ್ಲ. ಹಾಗಾಗಿ ಡಿಎಲ್‌ಪಿ ತಗೊಳ್ಳುವ ಮೊದಲು ಮನೆಯವರೆಲ್ಲ ಹೋಗಿ ಒಮ್ಮೆ ನೋಡಿ. ನೀವೊಬ್ಬರೇ ನೋಡಿ ಬಂದರೆ ಸಾಲದು.

ಎಲ್‌ಸಿಡಿಯಲ್ಲಿ ಈ ಮಿಂಚಿನ ತಂಟೆ ಇಲ್ಲ. ಬಿಳಿ ಬೆಳಕನ್ನು ಮೂರು ಬಣ್ಣವಾಗಿ ಒಡೆದು, ಮೂರು ಚಿಕ್ಕ ಪ್ಯಾನೆಲ್ ಮೂಲಕ ಹಾಯಿಸಿ, ಗಾಜಿನ ಪ್ರಿಸಂನಲ್ಲಿ ಮತ್ತೆ ಕೂಡಿಸುತ್ತಾರೆ. ಎಪ್ಸನ್‌ನವರದ್ದು ಹೆಚ್ಚಾಗಿ ಇದೇ. ಬಣ್ಣ ಗಟ್ಟಿಯಾಗಿ ಬರುತ್ತದೆ, ಸ್ವಲ್ಪ ಬೆಳಕಿರುವ ಕೋಣೆಯಲ್ಲೂ ತಡೆಯುತ್ತದೆ. ಆದರೆ ಫ್ಯಾನ್ ಎಳೆಯುವ ಗಾಳಿ ಪ್ಯಾನೆಲ್‌ಗಳನ್ನ ದಾಟಿ ಹೋಗುತ್ತದೆ, ಗಾಳಿಯ ಜೊತೆ ಧೂಳೂ. ಒಂದು ಮೆಹೆಂದಿಯಲ್ಲಿ ಮದುಮಗಳ ಫೋಟೋ ಬಿಟ್ಟರೆ ಕೆನ್ನೆಯ ಮೇಲೆ ಹಸಿರು ಮಚ್ಚೆ! ಧೂಳಿನ ಕಣ ಒಂದು ಪ್ಯಾನೆಲ್ ಮೇಲೆ ಕೂತಿತ್ತು. ಅವತ್ತಿನಿಂದ ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಸ್ವಚ್ಛ ಮಾಡುತ್ತೇನೆ. ಇನ್ನೊಂದು, ಬಿಸಿಲಿಗಿಂತ ಜೋರು ಬೆಳಕು ವರ್ಷಗಟ್ಟಲೆ ಹಾಯುವುದರಿಂದ ಒಳಗೆ ಬೆಳಕನ್ನು ಸೋಸುವ ಪೋಲರೈಸರ್ ಹಾಳೆ ಸುಡುತ್ತದೆ, ಹೆಚ್ಚಾಗಿ ನೀಲಿಯದ್ದೇ ಮೊದಲು. ಆಗ ಚಿತ್ರದ ಒಂದು ಮೂಲೆ ಅರಿಶಿನ ಬಳಿದ ಹಾಗೆ ಕಾಣುತ್ತದೆ. ಸೆಕೆಂಡ್‌ಹ್ಯಾಂಡ್ ತಗೊಳ್ಳುವಾಗ ಖಾಲಿ ಬಿಳಿ ಪರದೆ ಹಾಕಿಸಿ ಇದನ್ನೇ ಮೊದಲು ನೋಡಿ.

ಎಲ್‌ಕಾಸ್‌ನಲ್ಲಿ ಪ್ಯಾನೆಲ್‌ನ ಹಿಂದೆಯೇ ಕನ್ನಡಿ, ಬೆಳಕು ಹೋಗಿ ವಾಪಸ್ ಬರುತ್ತದೆ. ಸೋನಿ ಎಸ್‌ಎಕ್ಸ್‌ಆರ್‌ಡಿ ಅಂತಲೂ ಜೆವಿಸಿ ಡಿ-ಐಎಲ್‌ಎ ಅಂತಲೂ ಕರೆಯುತ್ತಾರೆ. ಮೂರರಲ್ಲಿ ಕಪ್ಪು ಚೆನ್ನಾಗಿ ಬರುವುದು ಇದರಲ್ಲೇ. ಬೆಲೆ ಲಕ್ಷಗಳ ಮಾತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಪ್ರೊಜೆಕ್ಟರ್‌ಗೆ ಕಪ್ಪು ಬಿಡಲು ಬರುವುದಿಲ್ಲ. ಕತ್ತಲೆಯನ್ನು ಯಾರಾದರೂ ಗೋಡೆಗೆ ಎರಚಬಹುದಾ? ಯಂತ್ರ ಆರಿಸಿದಾಗ ನಿಮ್ಮ ಪರದೆ ಎಷ್ಟು ಬೆಳ್ಳಗೆ ಕಾಣುತ್ತದೋ, ಚಿತ್ರದಲ್ಲಿ ಕಪ್ಪು ಅದಕ್ಕಿಂತ ಕಪ್ಪಾಗಲು ಸಾಧ್ಯವೇ ಇಲ್ಲ. ನಿಮ್ಮದು ಹಾಲ್ ಅಂದಿರಿ. ಜಗಲಿಯ ಕಡೆ ದೊಡ್ಡ ಕಿಟಕಿ, ಬಿಳಿ ಗೋಡೆ, ನೆಲಕ್ಕೆ ಹೊಳೆಯುವ ಟೈಲ್ಸ್ ಇರುತ್ತದೆ ಅಲ್ವಾ? ಅಲ್ಲಿ ಲಕ್ಷಗಟ್ಟಲೆ ಬೆಲೆಯ ಎಲ್‌ಕಾಸ್ ಹಾಕಿದರೂ ಹಗಲಲ್ಲಿ ಬೂದಿ ಬಣ್ಣವೇ. ಅದೇ ಒಂದು ಚಿಕ್ಕ ಕೋಣೆ, ಕಿಟಕಿಗೆ ದಪ್ಪ ಪರದೆ, ಗಾಢ ಬಣ್ಣದ ಗೋಡೆ ಇದ್ದರೆ ಸಾಧಾರಣ ಎಲ್‌ಸಿಡಿಯೂ ಚೆನ್ನಾಗಿ ಕಾಣುತ್ತದೆ. ಥಿಯೇಟರ್‌ನಲ್ಲಿ ಪರದೆಯ ಹೊಳಪಿನ ಅಳತೆ 14 ಫುಟ್‌ಲ್ಯಾಂಬರ್ಟ್. ಪೂರ್ತಿ ಕತ್ತಲೆಯಲ್ಲಿ 100 ಇಂಚಿನ ಪರದೆಗೆ ಅಷ್ಟು ಬರಲು ಪ್ರೊಜೆಕ್ಟರ್‌ನಿಂದ ಬರೀ 420 ಲ್ಯುಮೆನ್ ಬೆಳಕು ಸಾಕು. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ಕ್ರಿಕೆಟ್ ನೋಡುವುದಾದರೆ ನಾನು 3000ಕ್ಕಿಂತ ಕಡಿಮೆಯದ್ದನ್ನು ಕಳಿಸುವುದೇ ಇಲ್ಲ. ಇದೆಲ್ಲ ಎಎನ್‌ಎಸ್‌ಐ ಪದ್ಧತಿಯಲ್ಲಿ ಅಳೆದ ಲ್ಯುಮೆನ್ ಲೆಕ್ಕ. ಆನ್‌ಲೈನ್‌ನಲ್ಲಿ ಎಂಟು ಸಾವಿರ ರೂಪಾಯಿಯ ಡಬ್ಬಿಯ ಮೇಲೆ ಸುಮ್ನೆ ‘9000 ಲ್ಯುಮೆನ್’ ಅಂತ ಬರೆದಿರುತ್ತಾರೆ, ಅದನ್ನು ನಂಬಬೇಡಿ. ‘4ಕೆ ಸಪೋರ್ಟ್’ ಅನ್ನುವುದೂ ಹಾಗೆಯೇ. 4ಕೆ ಫೈಲ್ ತಗೊಳ್ಳುತ್ತದೆ ಅಷ್ಟೇ, ತೋರಿಸುವುದು 1280×720 ಚುಕ್ಕೆ ಇರಬಹುದು. ‘ನೇಟಿವ್’, ಅಂದರೆ ಯಂತ್ರ ನಿಜವಾಗಿ ತೋರಿಸುವ ಚುಕ್ಕೆ, ಎಷ್ಟು ಅಂತ ಕೇಳಿ. ಒಳ್ಳೆ ಕಂಪನಿಗಳ 4ಕೆ ಡಿಎಲ್‌ಪಿಯಲ್ಲೂ ಎಷ್ಟೋ ಸಲ ಚಿಪ್ 1920×1080ರದ್ದೇ. ಚಿತ್ರವನ್ನು ಕಣ್ಣಿಗೆ ಗೊತ್ತಾಗದ ವೇಗದಲ್ಲಿ ನಾಲ್ಕು ಕಡೆ ಜರುಗಿಸಿ 4ಕೆ ಮಾಡುತ್ತಾರೆ. ಅದು ಮೋಸ ಅಲ್ಲ, ನೋಡಲು ಚೆನ್ನಾಗಿಯೇ ಇರುತ್ತದೆ.

ಕಪ್ಪು ಪಟ್ಟಿಗೆ ಬರೋಣ. ಇದು ಯಂತ್ರದ ದೋಷ ಅಲ್ಲ, ಆಕಾರದ ಜಗಳ. ಹಳೆ ಟಿವಿ 4:3, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ಆ ಆಕಾರ ಟಿವಿಗೆ ಬಂದದ್ದೇ ಸಿನಿಮಾದಿಂದ. ಟಿವಿ ಬಂದು ಥಿಯೇಟರ್ ಖಾಲಿಯಾಗತೊಡಗಿದಾಗ ಸಿನಿಮಾದವರು ಮನೆಯಲ್ಲಿ ಸಿಗದ ಅಗಲ ಕೊಡೋಣ ಅಂತ 1953ರಲ್ಲಿ ಸಿನಿಮಾಸ್ಕೋಪ್ ತಂದರು. ಈಗಿನ ದೊಡ್ಡ ಸಿನಿಮಾಗಳ 2.39:1 ಅದರ ಸಂತಾನ. 1980ರ ದಶಕದಲ್ಲಿ ಹೊಸ ಟಿವಿಗೆ ಆಕಾರ ಹುಡುಕುವಾಗ ಕರ್ನ್ಸ್ ಪವರ್ಸ್ ಅನ್ನುವ ಎಂಜಿನಿಯರ್ ಬಳಕೆಯಲ್ಲಿದ್ದ ಎಲ್ಲ ಆಕಾರಗಳನ್ನು ಒಂದೇ ವಿಸ್ತೀರ್ಣಕ್ಕೆ ತಂದು ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲವೂ ಹಿಡಿಸುವ ಚೌಕಟ್ಟು 1.77 ಬಂತು. ಅದೇ 16:9. ಅಂದರೆ ನಿಮ್ಮ ಟಿವಿ ಒಂದು ರಾಜಿ ಪಂಚಾತಿಕೆ. ಎರಡೂ ಕಡೆಯವರು ಸ್ವಲ್ಪ ಬಿಟ್ಟುಕೊಡಲೇಬೇಕು.

ನಿಮ್ಮ 100 ಇಂಚಿನ ಪರದೆ 87 ಇಂಚು ಅಗಲ, 49 ಇಂಚು ಎತ್ತರ. 2.39 ಸಿನಿಮಾ ಹಾಕಿದರೆ ಚಿತ್ರದ ಎತ್ತರ 36 ಇಂಚು ಚಿಲ್ಲರೆ, ಮೇಲೆ ಕೆಳಗೆ ಆರಾರು ಇಂಚು ಪಟ್ಟಿ. 4:3 ಹಾಕಿದರೆ ಅಗಲ 65 ಇಂಚು, ಆಚೀಚೆ ಹನ್ನೊಂದು ಹನ್ನೊಂದು. ನೋಡಿ, ಎರಡರಲ್ಲೂ ಪರದೆಯ ಕಾಲು ಭಾಗ ಖಾಲಿ. ಫೋನ್ ನೆಟ್ಟಗೆ ಹಿಡಿದು ತೆಗೆದ ಮದುವೆ ವಿಡಿಯೊ ಹಾಕಿದರೆ ಸುಮಾರು 28 ಇಂಚು ಅಗಲದ ಒಂದು ಕಂಬ ಮಾತ್ರ ಉಳಿಯುತ್ತದೆ, ಅದು ಬೇರೆ ಕಥೆ.

ಪಟ್ಟಿ ಹೋಗಲಾಡಿಸಲು ರಿಮೋಟ್‌ನಲ್ಲಿ ಎರಡು ದಾರಿ ಇದೆ. ಜೂಮ್ ಮಾಡಿದರೆ ಅಂಚು ಕತ್ತರಿಸಿ ಹೋಗುತ್ತದೆ. ಹಳೆ ಯಕ್ಷಗಾನದ ರೆಕಾರ್ಡಿಂಗ್‌ನಲ್ಲಿ ಹಾಗೆ ಮಾಡಿದರೆ ಮೇಲೆ ಕಿರೀಟ ಹೋಗುತ್ತದೆ, ಕೆಳಗೆ ಗೆಜ್ಜೆ ಹೋಗುತ್ತದೆ. ಯಕ್ಷಗಾನದಲ್ಲಿ ಆ ಎರಡು ಬಿಟ್ಟು ಎಂತ ನೋಡುವುದು? ಎರಡನೆಯ ದಾರಿ ಎಳೆದು ಅಗಲ ಮಾಡುವುದು. ಆಗ ಎಲ್ಲವೂ ಮೂರನೇ ಒಂದು ಪಾಲು ದಪ್ಪ. ಕಾಪು ಹತ್ತಿರ ಒಂದು ಮನೆಯಲ್ಲಿ ಹೀಗೆ ಬಿಟ್ಟಿದ್ದೆ, ನನ್ನ ಗಮನಕ್ಕೇ ಬಂದಿರಲಿಲ್ಲ. ತೆರೆಯ ಮೇಲೆ ಅಭಿಮನ್ಯು ಬಂದ. ಅಜ್ಜಿಯೊಬ್ಬರು ಸ್ವಲ್ಪ ಹೊತ್ತು ನೋಡಿ, "ಇದು ಅಭಿಮನ್ಯುವಾ, ಬಕಾಸುರನಾ?" ಅಂದರು. ಅವನ ತಲೆಯ ಮೇಲಿನ ಕೇದಗೆ ಮುಂದಲೆ ಮೊರದ ಹಾಗೆ ಹರಡಿತ್ತು. 4:3ಕ್ಕೆ ಹಾಕಿದೆ, ಹುಡುಗ ಸಪೂರ ಆದ. ನಿಮ್ಮ ಟಿವಿಯಲ್ಲಿ ಸರಿ ಇದೆಯಾ ಅಂತ ಗೊತ್ತಾಗಬೇಕಾದರೆ ಗುಂಡಗಿನದ್ದು ಏನಾದರೂ ಬಂದಾಗ ನೋಡಿ, ತಾಳವೋ ಗಡಿಯಾರವೋ. ಮೊಟ್ಟೆಯ ಹಾಗಿದ್ದರೆ ತಪ್ಪು.

ಹಳೆ ಡಿವಿಡಿಯಲ್ಲಿ ಇನ್ನೊಂದು ತೊಂದರೆ ಕಾಣುತ್ತದೆ, ಅದಕ್ಕೂ ಪ್ರೊಜೆಕ್ಟರ್ ಅನ್ನು ಬೈಯಬೇಡಿ. ನಮ್ಮ ದೇಶದ ಡಿವಿಡಿ 720×576. ವಿಡಿಯೊ ಕ್ಯಾಮರಾದಲ್ಲಿ ತೆಗೆದದ್ದಾದರೆ ಇಂಟರ್‌ಲೇಸ್ ಆಗಿರುತ್ತದೆ: ಮೊದಲು ಒಂದು, ಮೂರು, ಐದನೇ ಗೆರೆ, ಆಮೇಲೆ ಎರಡು, ನಾಲ್ಕು, ಆರು. ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ಹಳೆ ಟ್ಯೂಬ್‌ಗೆ ಅದು ಸಹಜ. ಈಗಿನ ಎಲ್ಲ ಪ್ರೊಜೆಕ್ಟರ್‌ಗಳೂ ಅರ್ಧಗಳನ್ನು ಹೊಲಿದು ಪೂರ್ತಿ ಚಿತ್ರ ಮಾಡಬೇಕು. ಭಾಗವತರು ಕೂತಿದ್ದಾಗ ಏನೂ ಗೊತ್ತಾಗುವುದಿಲ್ಲ. ವೇಷ ಗಿರಕಿ ಹೊಡೆಯಲು ಶುರು ಮಾಡಿದ ಕೂಡಲೇ ಅಂಚಿನಲ್ಲಿ ಬಾಚಣಿಗೆಯ ಹಲ್ಲು. ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಹಾಕಿದರೆ ಬಹಳ ಮಟ್ಟಿಗೆ ಹೋಗುತ್ತದೆ.

ನಮ್ಮ ಕರಾವಳಿಯ ಲೆಕ್ಕ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದೆ ಇಟ್ಟರೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ. ಒಳಭಾಗ ಸೀಲ್ ಆಗಿರುವ ಡಿಎಲ್‌ಪಿಗೆ ಧೂಳು ಕಡಿಮೆ, ಇಲ್ಲಿಗೆ ಅದೊಂದು ಲಾಭ. ಲ್ಯಾಂಪ್ ಇರುವುದಾದರೆ ಚಿಕ್ಕ ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತದೆ, ಕಾದ ಲ್ಯಾಂಪ್ ಹಾಗೇ ಬೇಯುತ್ತದೆ. ಸಿಡಿಲಿನ ದಿನ ಪ್ಲಗ್ ಕಿತ್ತಿಡಿ, ಕೇಬಲ್ ವಯರ್ ಕೂಡ.

ನಾನಾದರೆ ಏನು ಮಾಡುತ್ತೇನೆ? ಹಾಲ್‌ಗೆ 65 ಇಂಚಿನ ಮಾಮೂಲಿ ಟಿವಿ. ಮಾಳಿಗೆಯ ಕೋಣೆಗೆ ಕಿಟಕಿ ಮುಚ್ಚುವ ದಪ್ಪ ಪರದೆ ಹಾಕಿ, 1080ರ ಒಂದು ಎಲ್‌ಸಿಡಿ. ಮನೆಯವರ ಕಣ್ಣಿಗೆ ಮಿಂಚು ಕಾಣದಿದ್ದರೆ ಡಿಎಲ್‌ಪಿಯೂ ಆದೀತು. ಉಳಿದ ದುಡ್ಡು ಸೌಂಡಿಗೆ.

ಇನ್ನು ಮಾವನ ಟಿವಿಯನ್ನು ಗುಜರಿಗೆ ಕೊಡುವಾಗ ಒಂದು ಜಾಗ್ರತೆ. ಅದರ ಪರದೆಯ ಹಿಂದೆ ಬಳೆ ಬಳೆಯಾಗಿ ಗೀರುಗಳಿರುವ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಫ್ರೆನೆಲ್ ಲೆನ್ಸ್ ಅನ್ನುತ್ತಾರೆ. ನೋಡಲು ಏನೂ ಅಲ್ಲ, ನಿಜದಲ್ಲಿ ಟಿವಿಯಷ್ಟೇ ದೊಡ್ಡ ಭೂತಗನ್ನಡಿ. ಚಿಕ್ಕಪ್ಪನ ಮಗ ಅದನ್ನು ಬಿಚ್ಚಿ ಅಂಗಳದಲ್ಲಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕೆಳಗೆ ಒಣಗಿದ ತೆಂಗಿನ ಮಡಲು ಬಿದ್ದಿತ್ತು. ನಾನು "ಏ, ಬೇಡ" ಅನ್ನುವಷ್ಟರಲ್ಲಿ ಹೊಗೆ ಎದ್ದಿತ್ತು. ಗುಜರಿಯವರು ಬರುವ ತನಕ ಆ ಹಾಳೆಯನ್ನು ಗೋಣಿಯಲ್ಲಿ ಸುತ್ತಿ ಮನೆಯೊಳಗೇ ಇಡಿ.