ರಣಜಿ ನೋಡದೆ ತಂಡ ಕಟ್ಟಬೇಡಿ

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ಮಂಡ್ಯದ ಗುತ್ತಲು ರಸ್ತೆಯ ನಮ್ಮ ಟೀ ಅಂಗಡಿಯಲ್ಲಿ ಒಂದು ತಿಂಗಳಿಂದ ಇಂಗ್ಲೆಂಡ್ ಸರಣಿ ಬಿಟ್ಟರೆ ಬೇರೆ ಮಾತಿಲ್ಲ. ಮ್ಯಾಂಚೆಸ್ಟರ್ ಟೆಸ್ಟ್ ಡ್ರಾ ಆಗಿದೆ, 2-1ರಲ್ಲಿ ಹಿಂದಿದ್ದೇವೆ, ಉಳಿದಿರುವುದು ಒಂದೇ ಪಂದ್ಯ. ತಂಡದ ಆಯ್ಕೆ ವಿಚಾರಕ್ಕೆ ಅಂಗಡಿಯಲ್ಲಿ ಎರಡು ಗುಂಪಾಗಿದೆ. ನನ್ನ ವಾದ ಇಷ್ಟು. ನಮ್ಮ ಬ್ಯಾಟರ್ ಕರುಣ್ ನಾಯರ್‌ಗೆ ಅನ್ಯಾಯವಾಯಿತು ಎಂದು ಕನ್ನಡ ಪತ್ರಿಕೆಗಳು ಎಂಟು ವರ್ಷ ಬರೆದವು. ಅವಕಾಶ ಸಿಕ್ಕಿತು. ಆರು ಇನಿಂಗ್ಸಿನಲ್ಲಿ ಒಂದು ಅರ್ಧಶತಕವೂ ಬರಲಿಲ್ಲ. ಊರ ಗರಡಿಯಲ್ಲಿ ಗೆದ್ದವನೆಲ್ಲ ದಸರಾ ಕುಸ್ತಿ ಗೆಲ್ಲುವುದಿಲ್ಲ. ರಾಜ್ಯ ತಂಡಗಳ ರಣಜಿ ಟೂರ್ನಿಯ ರನ್ನಿಗೂ ಟೆಸ್ಟಿಗೂ ಅಷ್ಟೇ ದೂರ. ವೇಗಿ ಪ್ರಸಿದ್ಧ್ ಕೃಷ್ಣ ಅವರನ್ನೂ ಇನ್ನು ಆಡಿಸಬಾರದು. ನಮ್ಮವರು ಎಂಬ ಮಮತೆ ಬಿಟ್ಟು ತಾವು ಒಮ್ಮೆ ಬರೆಯಬೇಕು. ಹಾಗೆಯೇ, ಸ್ಪಿನ್ನರ್ ಕುಲದೀಪ್ ಯಾದವ್ ಅವರನ್ನು ನಾಲ್ಕು ಟೆಸ್ಟಿನಲ್ಲೂ ಹೊರಗೆ ಕೂರಿಸಿದ್ದು ಸರಿಯೇ?

— ಒಬ್ಬ ಓದುಗ, ಮಂಡ್ಯ

ಸಂಪಾದಕರ ಉತ್ತರ

ನಿಮ್ಮ ಪತ್ರ ಅಚ್ಚಿಗೆ ಹೋಗುವ ಹೊತ್ತಿಗೆ ಸರಣಿ ಮುಗಿದಿದೆ. 2025ರ ಆಗಸ್ಟ್ 4ರ ಸೋಮವಾರ ಲಂಡನ್ನಿನ ಓವಲ್‌ನಲ್ಲಿ ಭಾರತ 6 ರನ್ನಿನಿಂದ ಗೆದ್ದು ಸರಣಿಯನ್ನು 2-2 ಮಾಡಿಕೊಂಡಿತು. ನೀವು ಬೇಡ ಎಂದ ಪ್ರಸಿದ್ಧ್ ಆ ಪಂದ್ಯದಲ್ಲಿ 8 ವಿಕೆಟ್ ಪಡೆದರು. ನೀವು ಬೇಡ ಎಂದ ಕರುಣ್, ಭಾರತ ಮೊದಲ ಇನಿಂಗ್ಸಿನಲ್ಲಿ ಗಳಿಸಿದ 224ರಲ್ಲಿ 57 ರನ್ ಮಾಡಿದರು. ಆ ಇನಿಂಗ್ಸಿನಲ್ಲಿ ಐವತ್ತು ದಾಟಿದವರು ಅವರೊಬ್ಬರೇ. ಆರು ರನ್ನಿನ ಗೆಲುವಿನಲ್ಲಿ ಐವತ್ತೇಳು ರನ್ನಿನ ಬೆಲೆ ಎಷ್ಟೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಒಂದು ಪಂದ್ಯ ನನ್ನ ಕಡೆಗೆ ಬಂತೆಂದು ವಾದ ಗೆದ್ದಂತಾಗುವುದಿಲ್ಲ. ಓವಲ್‌ನಲ್ಲಿ ಕರುಣ್ ಸೊನ್ನೆಗೆ ಔಟಾಗಿದ್ದರೂ ಈ ಉತ್ತರವನ್ನು ಇದೇ ಮಾತುಗಳಲ್ಲಿ ಬರೆಯುತ್ತಿದ್ದೆ.

ನಿಮ್ಮ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ನಾಲ್ಕು ಟೆಸ್ಟಿನ ಎಂಟು ಇನಿಂಗ್ಸಿನಲ್ಲಿ 205 ರನ್ ಅಂದರೆ ಕಡಿಮೆಯೇ. 20, 31, 26, 40 ಎಂದು ಕಾಲೂರಿದ ಮೇಲೆ ಔಟಾಗುವುದು ಬ್ಯಾಟರ್ ಮಾಡಬಾರದ ಕೆಲಸ. ನಮ್ಮ ದೇಶಿ ಕ್ರಿಕೆಟಿನಲ್ಲಿ ಆಡುವುದು ಎಸ್‌ಜಿ ಕಂಪನಿಯ ಚೆಂಡು, ಇಂಗ್ಲೆಂಡಿನಲ್ಲಿ ಡ್ಯೂಕ್ಸ್ ಕಂಪನಿಯದು. ಆ ಚೆಂಡು ಗಾಳಿಯಲ್ಲಿ ತಿರುಗುವ ಪರಿಯೇ ಬೇರೆ. ನಾಗಪುರದಲ್ಲಿ ಹೊಡೆದ ರನ್ನನ್ನು ಲೀಡ್ಸ್‌ನಲ್ಲಿ ಹಾಗೇ ಎಣಿಸಿ ಕೊಡುವುದಿಲ್ಲ. ಆಯ್ಕೆಗಾರರು ಇದನ್ನೆಲ್ಲ ಲೆಕ್ಕ ಹಾಕಲೇಬೇಕು. ಅಷ್ಟನ್ನು ಒಪ್ಪುತ್ತೇನೆ.

ಆದರೆ ಗರಡಿಯ ಮಾತು ತೆಗೆದಿರಲ್ಲ, ಅಲ್ಲಿ ನಿಮ್ಮ ಜೊತೆ ನನ್ನ ತಕರಾರು ಶುರುವಾಗುತ್ತದೆ. ಮೈಸೂರಿನ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ಹಿರಿಯ ಉಸ್ತಾದರು ಕೂತು, ಯಾರ ತೂಕ ಎಷ್ಟು, ಯಾರು ಯಾವ ಗರಡಿಯವರು, ಯಾರ ಎದುರು ಎಷ್ಟು ಹೊತ್ತು ನಿಂತಿದ್ದಾರೆ ಎಂದು ನೋಡಿಯೇ ಹೆಸರು ಬರೆಸುತ್ತಾರೆ. ಗರಡಿಯ ಮಣ್ಣು ಮೈಗೆ ಹತ್ತದವನು ದಸರಾ ಅಖಾಡಕ್ಕೆ ಇಳಿಯುವುದೇ ಇಲ್ಲ. ಗರಡಿಯಲ್ಲಿ ಗೆದ್ದವರೆಲ್ಲ ದಸರೆಯಲ್ಲಿ ಗೆಲ್ಲುವುದಿಲ್ಲ ಎಂಬುದು ನಿಜ. ದಸರೆಯಲ್ಲಿ ಗೆದ್ದವರೆಲ್ಲ ಗರಡಿಯಿಂದಲೇ ಬಂದವರು ಎಂಬುದು ಅದಕ್ಕಿಂತ ದೊಡ್ಡ ನಿಜ. ಅದನ್ನು ನೀವು ಬರೆಯದೆ ಬಿಟ್ಟಿರಿ.

ಜಿ.ಆರ್. ವಿಶ್ವನಾಥ್ 1967ರಲ್ಲಿ ಮೈಸೂರು ತಂಡಕ್ಕೆ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಹೊಡೆದರು. ಎರಡು ವರ್ಷದ ಮೇಲೆ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್. ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಆ ಸಂಜೆ ಯಾವುದಾದರೂ ಟೀ ಅಂಗಡಿಯಲ್ಲಿ ಆಯ್ಕೆ ಸಮಿತಿ ಸೇರಿದ್ದರೆ ವಿಶಿ ಮನೆಗೆ ಹೋಗಬೇಕಿತ್ತು. ಎರಡನೇ ಇನಿಂಗ್ಸಿನಲ್ಲಿ 137. ನಮ್ಮ ಮೈಸೂರಿನಲ್ಲೇ ಹುಟ್ಟಿದ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ 1967-68ರ ಆಸ್ಟ್ರೇಲಿಯಾ ಪ್ರವಾಸದಿಂದ ಗಾಯಗೊಂಡು ಮರಳಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಟೆಸ್ಟ್ ಆಡಲಿಲ್ಲ. 1971ರ ಆರಂಭದಲ್ಲಿ ವೆಸ್ಟ್ ಇಂಡೀಸಿಗೆ ಹೋದ ತಂಡದಲ್ಲೂ ಅವರಿರಲಿಲ್ಲ. ಅದೇ ವರ್ಷ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಆಗಸ್ಟ್ ತಿಂಗಳು, ಇದೇ ಓವಲ್ ಮೈದಾನ. 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಔಟಾಗಿ, ಭಾರತ ಆ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟನ್ನೂ ಸರಣಿಯನ್ನೂ ಗೆದ್ದಿತು. ಮರಳಿ ಕರೆದವರಿಗೆ ಧೈರ್ಯವಿತ್ತು, ಕರೆಸಿಕೊಂಡವರಿಗೆ ಯೋಗ್ಯತೆಯಿತ್ತು.

ಜಾವಗಲ್ ಶ್ರೀನಾಥ್ ಅವರ ಕಥೆಯನ್ನು ಮೈಸೂರಿನವರು ಮರೆಯಬಾರದು. ಮರಿಮಲ್ಲಪ್ಪ ಶಾಲೆಯ ಹುಡುಗ, ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಅದಾದ ಮೇಲೆ ಭಾರತದ ನೆಲದಲ್ಲಿ ಒಂದು ಟೆಸ್ಟ್ ಆಡಲು 1994ರ ಕೊನೆಯವರೆಗೆ ಕಾದರು. ಆಗ ತಂಡದಲ್ಲಿ ಮೂವರು ಸ್ಪಿನ್ನರುಗಳು, ಜೊತೆಗೆ ವೇಗಿಗಳಾದ ಕಪಿಲ್ ಮತ್ತು ಪ್ರಭಾಕರ್. ತಂಡ ಗೆಲ್ಲುತ್ತಿತ್ತು, ಹಾಗಾಗಿ ಯಾರೂ ಕೇಳಲಿಲ್ಲ. ಕಪಿಲ್ ನಿವೃತ್ತರಾದ ಮೇಲಷ್ಟೇ ಅವರ ಸರದಿ ಬಂತು. ವೇಗಿಯೊಬ್ಬನ ಮೈಯಲ್ಲಿ ಕಸುವು ತುಂಬಿರುವ ವರ್ಷಗಳು ನೀರು ಒಯ್ಯುವುದರಲ್ಲಿ ಕಳೆದುಹೋದವು. 67 ಟೆಸ್ಟ್, 236 ವಿಕೆಟ್ ಎಂದು ಇವತ್ತು ಹೆಮ್ಮೆಯಿಂದ ಹೇಳುತ್ತೇವೆ. ಆ ವರ್ಷಗಳನ್ನು ಅವರಿಗೆ ಕೊಟ್ಟಿದ್ದರೆ ಆ ಸಂಖ್ಯೆ ಎಷ್ಟಾಗುತ್ತಿತ್ತು ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕರುಣ್ ವಿಷಯದಲ್ಲಿ ನಡೆದದ್ದು ಅದಕ್ಕಿಂತ ಕಹಿ. 2016ರ ಡಿಸೆಂಬರ್, ಚೆನ್ನೈ. ಬದುಕಿನ ಮೂರನೇ ಟೆಸ್ಟಿನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಮೊದಲ ಶತಕವನ್ನೇ ತ್ರಿಶತಕ ಮಾಡಿದವರು ಅವರಿಗಿಂತ ಮೊದಲು ಜಗತ್ತಿನಲ್ಲಿ ಇಬ್ಬರೇ: ಸೋಬರ್ಸ್, ಸಿಂಪ್ಸನ್. ಮುಂದಿನ ಟೆಸ್ಟಿಗೆ ರಹಾನೆ ಗುಣವಾಗಿ ಬಂದರು, ಕರುಣ್ ಹೊರಗೆ. ಆಮೇಲೆ ಆಸ್ಟ್ರೇಲಿಯಾ ಎದುರು ನಾಲ್ಕು ಇನಿಂಗ್ಸ್: 26, 0, 23, 5. ಅಲ್ಲಿಗೆ ಮುಗಿಯಿತು. 2018ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ಕೊನೆಯ ಟೆಸ್ಟಿನಲ್ಲಿ ಬ್ಯಾಟರ್ ಬೇಕಾದಾಗ, ಸರಣಿಯ ಮಧ್ಯದಲ್ಲಿ ಬಂದು ಸೇರಿದ ಹನುಮ ವಿಹಾರಿಯನ್ನು ಆಡಿಸಿದರು. ವಿಹಾರಿ 56 ಹೊಡೆದರು, ಆ ಹುಡುಗನ ಬಗ್ಗೆ ದೂರಿಲ್ಲ. ಮೊದಲಿನಿಂದ ಕಾದು ಕೂತವನಿಗೆ ಏನೆಂದು ಹೇಳಿದರು ಎಂಬುದೇ ನನ್ನ ಪ್ರಶ್ನೆ.

2022ರಲ್ಲಿ ಕರ್ನಾಟಕ ತಂಡವೂ ಅವರನ್ನು ಬಿಟ್ಟಿತು. ಪ್ರಿಯ ಕ್ರಿಕೆಟ್, ನನಗೆ ಇನ್ನೊಂದು ಅವಕಾಶ ಕೊಡು ಎಂದು ಆ ಡಿಸೆಂಬರಿನಲ್ಲಿ ಅವರು ಬರೆದುಕೊಂಡದ್ದನ್ನು ಓದಿ ನೊಂದವರಲ್ಲಿ ನಾನೂ ಒಬ್ಬ. ಅವರು ಅಳುತ್ತಾ ಕೂರಲಿಲ್ಲ. ಇಂಗ್ಲೆಂಡಿನ ಕೌಂಟಿ ಆಡಿದರು, ವಿದರ್ಭಕ್ಕೆ ಹೋದರು. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್, ರಣಜಿಯಲ್ಲಿ 863 ರನ್, ಕೇರಳದ ಎದುರು ರಣಜಿ ಫೈನಲ್ಲಿನಲ್ಲಿ 86 ಮತ್ತು 135. ನಮ್ಮ ಊರಿನ ಹೆಸರಿನ ಮೈಸೂರು ವಾರಿಯರ್ಸ್ 2024ರ ಮಹಾರಾಜ ಟ್ರೋಫಿ ಗೆದ್ದಾಗ ನಾಯಕ ಅವರೇ. ಇಷ್ಟು ರನ್ ಹೊಡೆದು ಬಾಗಿಲು ತಟ್ಟಿದವರನ್ನು ಪತ್ರಿಕೆಗಳ ಕಣ್ಣೀರಿನಿಂದ ಒಳಗೆ ಬಂದವರು ಎನ್ನುವುದು ಆ ರನ್ನಿಗೆ ಮಾಡುವ ಅವಮಾನ, ಸ್ವಾಮಿ.

ಬಂದ ಮೇಲೆ ಅವರನ್ನು ಆಡಿಸಿದ್ದು ಹೇಗೆ? ಲೀಡ್ಸ್‌ನಲ್ಲಿ ಆರನೇ ಕ್ರಮಾಂಕ. ಎಜ್‌ಬಾಸ್ಟನ್ ಮತ್ತು ಲಾರ್ಡ್ಸ್‌ನಲ್ಲಿ ಮೂರನೆಯದು. ಮ್ಯಾಂಚೆಸ್ಟರ್‌ನಲ್ಲಿ ಹೊರಗೆ. ಓವಲ್‌ನಲ್ಲಿ ಐದು. ಮೂವತ್ತಮೂರರ ವಯಸ್ಸಿನಲ್ಲಿ, ಇದೇ ಕೊನೆಯ ಅವಕಾಶ ಎಂದು ಗೊತ್ತಿದ್ದು, ಹೀಗೆ ಜಾಗ ಬದಲಾಯಿಸುತ್ತಾ ಆಡುವುದು ಸುಲಭವಲ್ಲ. ಅದೇ ಓವಲ್‌ನ ಮೊದಲ ದಿನ ಅವರು ಹೊಡೆದ ಚೆಂಡನ್ನು ಬೌಂಡರಿ ಬಳಿ ತಡೆಯಲು ಹೋಗಿ ಕ್ರಿಸ್ ವೋಕ್ಸ್ ಭುಜ ಮುರಿದಂತಾಗಿ ಬಿದ್ದರು. ನಾಲ್ಕನೇ ರನ್ನಿಗೆ ಓಡಲು ಅವಕಾಶವಿತ್ತು. ಕರುಣ್ ಓಡಲಿಲ್ಲ, ಜೊತೆಗಾರನನ್ನೂ ತಡೆದರು. ತನ್ನ ಜಾಗವೇ ಅಲುಗಾಡುತ್ತಿರುವಾಗ ಒಂದು ರನ್ ಬಿಟ್ಟುಕೊಟ್ಟ ಮನುಷ್ಯ. ನಮ್ಮವರು ಎಂಬ ಮಮತೆ ಬಿಡಿ ಎನ್ನುತ್ತೀರಿ. ಆ ಕ್ಷಣ ನೋಡಿದ ಮೇಲೆ ಆ ಮಮತೆ ನನ್ನಲ್ಲಿ ಇನ್ನಷ್ಟು ಹೆಚ್ಚಿದೆ. ಅದಕ್ಕೆ ನಾಚಿಕೆಪಡುವ ಕಾರಣ ಕಾಣುವುದಿಲ್ಲ.

ಈಗ ನಿಮಗೊಂದು ಮಾತು. ನೀವು ಎಂದಾದರೂ ಮೈಸೂರಿನ ಗಂಗೋತ್ರಿಗೆ ಬಂದು ರಣಜಿ ಪಂದ್ಯ ನೋಡಿದ್ದೀರಾ? ಮಾನಸಗಂಗೋತ್ರಿಯ ಆ ಮೈದಾನಕ್ಕೆ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರಿದೆ. 2010ರ ಜನವರಿಯಲ್ಲಿ ಕರ್ನಾಟಕ-ಮುಂಬೈ ರಣಜಿ ಫೈನಲ್ ಅಲ್ಲೇ ನಡೆಯಿತು. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು, ಗಣೇಶ್ ಸತೀಶ್ ಜೊತೆ ನಿಂತರು, ಕೂರಲು ಜಾಗವಿಲ್ಲದೆ ಜನ ಸುತ್ತಲೂ ನಿಂತು ಕೂಗುತ್ತಿದ್ದರು. 331ಕ್ಕೆ ಎಲ್ಲ ಔಟ್. ಆರು ರನ್ನಿನ ಸೋಲು. ಓವಲ್‌ನಲ್ಲಿ ನಾವು ಗೆದ್ದ ಅಂತರವೂ ಅಷ್ಟೇ. ಎರಡೂ ದಿನದ ಎದೆಬಡಿತವನ್ನು ಬಲ್ಲವನಾಗಿ ಹೇಳುತ್ತೇನೆ, ಗಂಗೋತ್ರಿಯ ನೋವು ಓವಲ್‌ನ ಸಂತೋಷಕ್ಕೆ ಒಂದಿಷ್ಟೂ ಕಡಿಮೆಯಿರಲಿಲ್ಲ. ಅಂದು ಎರಡನೇ ಇನಿಂಗ್ಸಿನಲ್ಲಿ ಐದು ವಿಕೆಟ್ ಕಿತ್ತು ನಮ್ಮ ಕೈಯಿಂದ ಕಪ್ ಕಸಿದುಕೊಂಡವರು ಅಜಿತ್ ಅಗರ್ಕರ್. ಇಂದು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರು. ರಣಜಿಯ ರನ್ ಎಷ್ಟು ಬೆವರಿನದೆಂದು ಬಲ್ಲವರು ಆ ಕುರ್ಚಿಯಲ್ಲಿದ್ದಾರೆ. ಅವರು ಆ ರನ್ನಿಗೆ ತಕ್ಕ ಬೆಲೆ ಕೊಡಲಿ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಮೊದಲು ನಾವು ಆ ಬೆಲೆ ಕೊಟ್ಟಿರಬೇಕು.

ಕೊಡುತ್ತಿಲ್ಲ. ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ಪಡೆದೂ ಒಂದು ಟೆಸ್ಟ್ ಆಡಲಿಲ್ಲ. ತಮ್ಮಂತೆಯೇ ಎಡಗೈ ಸ್ಪಿನ್ನರಾದ ಬೇಡಿಯವರ ಕಾಲದಲ್ಲಿ ಹುಟ್ಟಿದ್ದು ಅವರ ದುರ್ದೈವ. ಆದರೂ ಆ ಕಾಲದ ಜನಕ್ಕೆ ಗೋಯಲ್ ಯಾರೆಂದು ಗೊತ್ತಿತ್ತು, ಏಕೆಂದರೆ ಪತ್ರಿಕೆಗಳು ರಣಜಿಯ ಪೂರ್ತಿ ಸ್ಕೋರ್ ಹಾಕುತ್ತಿದ್ದವು. 1973-74ರಲ್ಲಿ ಪ್ರಸನ್ನ ಅವರ ನಾಯಕತ್ವದಲ್ಲಿ ಕರ್ನಾಟಕ, ಬಾಂಬೆಯ ಹದಿನೈದು ವರ್ಷದ ಆಳ್ವಿಕೆ ಮುರಿದು ಮೊದಲ ರಣಜಿ ಗೆದ್ದಾಗ ಈ ಭಾಗದ ಹಳ್ಳಿಗಳಲ್ಲಿ ರೇಡಿಯೊ ಸುತ್ತ ಜನ ಸೇರುತ್ತಿದ್ದರು. ಈಗ ನಾಲ್ಕು ದಿನದ ಪಂದ್ಯಕ್ಕೆ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು, ಐಪಿಎಲ್ ಹರಾಜಿಗೆ ಇಡೀ ಪುಟ. ರಣಜಿ ಋತುವನ್ನೇ ಎರಡು ಹೋಳು ಮಾಡಿ ನಡುವೆ ಬಿಳಿ ಚೆಂಡಿನ ಸೀಮಿತ ಓವರ್ ಟೂರ್ನಿಗಳನ್ನು ತುರುಕಿದ್ದಾರೆ. ಜಿಲ್ಲೆಯ ಕ್ರೀಡಾಂಗಣಗಳು ಸರ್ಕಾರಿ ಸಮಾರಂಭಕ್ಕೆ, ರಾಜಕೀಯ ಸಮಾವೇಶಕ್ಕೆ ಸದಾ ಸಿದ್ಧ. ಹುಡುಗರಿಗೆ ಹುಲ್ಲಿನ ಪಿಚ್ ಕೇಳಿದರೆ ಅನುದಾನವಿಲ್ಲ. ಮಂಡ್ಯ, ಮದ್ದೂರು, ಪಾಂಡವಪುರದ ಮಕ್ಕಳು ಕಿಟ್ ಬ್ಯಾಗ್ ಹೊತ್ತು ರೈಲು ಹತ್ತಿ ಮೈಸೂರಿಗೋ ಬೆಂಗಳೂರಿಗೋ ಅಭ್ಯಾಸಕ್ಕೆ ಹೋಗುವುದನ್ನು ನೀವೂ ನೋಡಿರುತ್ತೀರಿ. ಅವರಲ್ಲಿ ಒಬ್ಬ ನಾಳೆ ರಣಜಿಯಲ್ಲಿ ಎಂಟುನೂರು ರನ್ ಹೊಡೆದರೆ, ಅದು ಊರ ಗರಡಿಯ ರನ್ ಎಂದು ನೀವೇ ತಳ್ಳಿಹಾಕುತ್ತೀರಾ?

ನಿಮ್ಮ ಪತ್ರದಲ್ಲಿ ಪ್ರೀತಿಯಿದೆ, ಅದಕ್ಕೇ ಇಷ್ಟುದ್ದ ಬರೆದೆ. ತಂಡದ ಆಯ್ಕೆಗೆ ತಲೆ ಕೆಡಿಸಿಕೊಂಡು ಕಾಗದ ತೆಗೆದು ಪತ್ರ ಬರೆಯುವ ಓದುಗರು ಈಗ ಎಷ್ಟು ಜನ ಸಿಗುತ್ತಾರೆ? ಈ ಸಲ ಗಂಗೋತ್ರಿಯಲ್ಲಿ ರಣಜಿ ಪಂದ್ಯ ಗೊತ್ತಾದ ಕೂಡಲೇ ನಿಮ್ಮ ಅಂಗಡಿಯ ಎರಡೂ ಗುಂಪನ್ನು ಕರೆದುಕೊಂಡು ಬನ್ನಿ. ಮಂಡ್ಯದಿಂದ ಒಂದು ಗಂಟೆಯ ದಾರಿ. ನಾಲ್ಕು ದಿನವೂ ಕೂತು ನೋಡಿ, ಆಮೇಲೆ ಯಾರನ್ನು ಬೇಕಾದರೂ ತೆಗೆಯಿರಿ, ಯಾರನ್ನು ಬೇಕಾದರೂ ಹಾಕಿ, ನಾನು ತಕರಾರು ತೆಗೆಯುವುದಿಲ್ಲ.

ಕುಲದೀಪ್ ವಿಚಾರ. ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಐದನೇ ಟೆಸ್ಟಿನಲ್ಲೂ ಅವರು ಆಡಲಿಲ್ಲ. ಬ್ಯಾಟಿಂಗ್ ಬಲ ಬೇಕೆಂದು ವಾಷಿಂಗ್ಟನ್ ಸುಂದರ್ ಅವರನ್ನು ಆಡಿಸಿದರು. ಲಾರ್ಡ್ಸ್‌ನಲ್ಲಿ 22 ರನ್ನಿಗೆ 4 ವಿಕೆಟ್ ತೆಗೆದು, ಮ್ಯಾಂಚೆಸ್ಟರ್‌ನಲ್ಲಿ ಶತಕ ಹೊಡೆದು ಅವರು ಅದನ್ನು ಸಮರ್ಥಿಸಿದರು. ಹಾಗೆಂದು ಕುಲದೀಪ್‌ಗೆ ಆದದ್ದು ಸರಿಯಾಗುವುದಿಲ್ಲ. 2022ರಲ್ಲಿ ಚಿತ್ತಗಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು 8 ವಿಕೆಟ್ ಪಡೆದು, 40 ರನ್ ಹೊಡೆದು ಪಂದ್ಯಶ್ರೇಷ್ಠರಾದರು; ಮುಂದಿನ ಟೆಸ್ಟಿಗೇ ಅವರನ್ನು ಕೈಬಿಟ್ಟರು. ಚೆನ್ನಾಗಿ ಆಡಿದವನನ್ನು ಬಿಡಲು ಇವರಿಗೆ ಪ್ರತಿ ಸಲವೂ ಒಂದು ಕಾರಣ ಸಿಗುತ್ತದೆ. ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ 669 ಹೊಡೆಯಿತು. ಅಲ್ಲಿ ಅವರನ್ನು ಆಡಿಸಬೇಕಿತ್ತು, ಸುಂದರ್ ಜಾಗಕ್ಕಲ್ಲ, ನಾಲ್ಕನೇ ವೇಗಿಯ ಜಾಗಕ್ಕೆ.