ಮುತ್ತಜ್ಜನ ಆಸ್ತಿ ಸೋದರಳಿಯನ ಪಾಲಾಯಿತಂತೆ; 1930ರ ದಶಕದ ಉಯಿಲನ್ನು ಹುಡುಕುವುದು ಹೇಗೆ?

‘ಗಂಡ ಸತ್ತ ತಿಂಗಳೊಳಗೆ ಮುತ್ತಜ್ಜಿಯನ್ನು ಮಕ್ಕಳ ಸಮೇತ ಗುತ್ತಿನ ಮನೆಯಿಂದ ಹೊರಹಾಕಿದರು’ ಎಂದು ನೀವು ಬರೆದದ್ದನ್ನು ಓದಿದಾಗ ನಮ್ಮ ಅಜ್ಜನೇ ಜಗಲಿಯಲ್ಲಿ ಕುಳಿತು ಹೇಳಿದಂತಾಯಿತು. ನಮ್ಮದು ಕಾರ್ಕಳದ ಕಡೆ; ಗುತ್ತು ಎಂದರೆ ನಮ್ಮಲ್ಲಿ ಊರಿನ ದೊಡ್ಡ ಜಮೀನ್ದಾರಿ ಮನೆತನದ ಮೂಲಮನೆ. ನಮ್ಮ ಕಥೆಯಲ್ಲಿ ‘ಆಟಿಯ ಜಡಿಮಳೆಯಲ್ಲಿ’ ಎಂಬುದೂ ಸೇರಿತ್ತು; ಆಟಿ ಎಂದರೆ ಜುಲೈ–ಆಗಸ್ಟಿನಲ್ಲಿ ಬರುವ ತುಳು ತಿಂಗಳು. ಮುತ್ತಜ್ಜ ತೀರಿಕೊಂಡದ್ದು 1937ರ ಜನವರಿಯಲ್ಲಿ ಎಂಬುದು ಬಹಳ ತಡವಾಗಿ ತಿಳಿಯಿತು.

ನೀವು ಇಸಿ (ಜಮೀನಿನ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿದ್ದೀರಿ, ಅದರಲ್ಲಿ ಏನೂ ಇಲ್ಲ, ಆದ್ದರಿಂದ ಉಯಿಲನ್ನು ಸುಟ್ಟಿರಬೇಕು ಎನ್ನುತ್ತೀರಿ. ದಯವಿಟ್ಟು ಇಲ್ಲೇ ನಿಲ್ಲಿ. ನಾನು ಎಡವಿದ್ದು ಇದೇ ಹೊಸ್ತಿಲಲ್ಲಿ. 1930ರಿಂದ 1960ರವರೆಗೆ, ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಿ ಋಣಭಾರ ಪತ್ರ ಕೇಳಿದೆ. ಸಿಕ್ಕಿದ್ದು ಫಾರಂ 16, ಅಂದರೆ ‘ಯಾವ ವ್ಯವಹಾರವೂ ಇಲ್ಲ’. ಸರ್ವೆ ನಂಬರು ತಪ್ಪಿರಬೇಕೆಂದು ಇನ್ನೊಮ್ಮೆ ಕಟ್ಟಿದೆ, ಮತ್ತೆ ಫಾರಂ 16. ನನಗೆ ತಿಳಿಯದೇ ಇದ್ದದ್ದು ಇಷ್ಟೇ: ಇಸಿ ತಯಾರಾಗುವುದು ನೋಂದಣಿ ಕಚೇರಿಯ ಒಂದನೇ ಪುಸ್ತಕದಿಂದ. ಕ್ರಯ, ಅಡಮಾನ, ಪಾಲುಪಟ್ಟಿ, ದಾನಪತ್ರ ಇವೆಲ್ಲ ಅದರಲ್ಲಿ ಇರುತ್ತವೆ. ಉಯಿಲು ಹೋಗುವುದು ಮೂರನೇ ಪುಸ್ತಕಕ್ಕೆ. ಬರೆದವನು ಬದುಕಿರುವಷ್ಟು ಕಾಲ ಅದು ಜಮೀನಿನ ಮೇಲಿನ ಋಣವೇ ಅಲ್ಲ, ಹಾಗಾಗಿ ನೂರು ವರ್ಷಗಳ ಇಸಿ ತೆಗೆಸಿದರೂ ಅದು ಕಾಣಿಸುವುದಿಲ್ಲ. ಅಕ್ಕಿ ಡಬ್ಬದಲ್ಲಿ ಉಪ್ಪು ಹುಡುಕಿ, ಮನೆಯಲ್ಲಿ ಉಪ್ಪೇ ಇಲ್ಲ ಎಂದು ಬೊಬ್ಬೆ ಹೊಡೆದ ಹಾಗೆ.

ಬೊಬ್ಬೆಯನ್ನೂ ಹೊಡೆದೆ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮ ಮುತ್ತಜ್ಜನ ಗುತ್ತಿನ ಈಗಿನ ಯಜಮಾನರ ಎದುರು, ‘ನಿಮ್ಮ ಹಿರಿಯರು ಉಯಿಲು ಸುಟ್ಟವರು’ ಎಂದುಬಿಟ್ಟೆ. ಅವರು ಅರ್ಧ ಉಂಡ ಎಲೆ ಬಿಟ್ಟು ಎದ್ದರು. ಆ ಮನೆಯಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದರು, ಮುತ್ತಜ್ಜನನ್ನು ಕಣ್ಣಾರೆ ಕಂಡಿದ್ದ ಕೊನೆಯ ಜೀವ. ಎರಡು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಅವರು ಹೋದರು. ಶುಲ್ಕದ ಹಣ ಹೋದದ್ದಕ್ಕೆ ನನಗೆ ಬೇಸರವಿಲ್ಲ.

‘ಮೂರನೇ ಪುಸ್ತಕ ಕೇಳಿದಿರಾ?’ ಎಂದು ಕೇಳಿದವರು ನಿವೃತ್ತ ದಸ್ತಾವೇಜು ಬರಹಗಾರರೊಬ್ಬರು. ಬರೆದವರು ತೀರಿಹೋಗಿದ್ದರೆ ಅದರ ನಕಲನ್ನು ಯಾರು ಬೇಕಾದರೂ ಕೇಳಬಹುದು, ಮರಣಕ್ಕೆ ಆಧಾರ ಕೊಡಬೇಕು ಅಷ್ಟೆ. ಆದರೆ ಪುಟ ತಿರುವುವ ಹಕ್ಕು ನಿಮಗಿಲ್ಲ, ನೋಂದಣಾಧಿಕಾರಿಯೇ ಹುಡುಕಬೇಕು. ಸತ್ತ ವರ್ಷದಿಂದ ಮುಂದಕ್ಕೆ ಮಾತ್ರ ಹುಡುಕಿಸಬೇಡಿ, ಹಿಂದಕ್ಕೂ ಹೋಗಿ. ಜಮೀನು ಇರುವಲ್ಲೇ ಉಯಿಲನ್ನು ನೋಂದಾಯಿಸಬೇಕೆಂದೂ ಇಲ್ಲ. ನಮ್ಮದು ಸಿಕ್ಕಿದ್ದು ಪಕ್ಕದ ತಾಲೂಕಿನ ಕಚೇರಿಯಲ್ಲಿ, 1934ರದ್ದು.

ಪ್ರೊಬೇಟ್, ಅಂದರೆ ಉಯಿಲು ಸಾಚಾ ಎಂದು ಕೋರ್ಟು ಕೊಡುವ ದೃಢೀಕರಣ, ಅದನ್ನು ಹುಡುಕುವ ಯೋಚನೆ ಬಿಡಿ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದರೂ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಿದ್ದದ್ದು ಮದ್ರಾಸ್, ಬೊಂಬಾಯಿ ನಗರಗಳಲ್ಲಿ ಮತ್ತು ಬಂಗಾಳದಲ್ಲಿ ಬರೆದ ಅಥವಾ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ಉಯಿಲುಗಳಿಗೆ. ನಿಮ್ಮ ಮುತ್ತಜ್ಜ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದರೆ ಮಾತ್ರ ಅಲ್ಲಿನ ಹೈಕೋರ್ಟಿನಲ್ಲಿ ವಿಚಾರಿಸಿ.

ಇನ್ನು ಸೋದರಳಿಯನ ಕಡೆಯವರು ಆಸ್ತಿ ‘ಲಪಟಾಯಿಸಿದರು’ ಎಂಬ ನಿಮ್ಮ ಮಾತು. ಅದನ್ನು ನಾನು ಒಪ್ಪುವುದಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಂತಾನಕ್ಕೆ ಸೇರಿದ್ದು. ನಿಮ್ಮ ಮುತ್ತಜ್ಜ ಅದನ್ನು ನೋಡಿಕೊಳ್ಳುವ ಯಜಮಾನ, ಹೆಂಡತಿ ಮಕ್ಕಳಿಗೆ ಕೊಡಲು ಅದು ಅವರದಾಗಿರಲಿಲ್ಲ. ಪಾಲು ಕೇಳುವ ಹಕ್ಕು ಕಾನೂನಿನಲ್ಲಿ ಬಂದದ್ದೇ 1949ರಲ್ಲಿ, ಅದೂ ಕುಟುಂಬದವರಿಗೆ. ಗಂಡ ಸತ್ತ ಮೇಲೆ ಹೆಂಡತಿ ಮಕ್ಕಳೊಂದಿಗೆ ತನ್ನ ತಾಯಿಮನೆಗೆ ಹಿಂದಿರುಗುವುದು ಆಗಿನ ಕಟ್ಟಳೆ, ಅವಳ ಹಕ್ಕು ಇದ್ದದ್ದು ಅಲ್ಲಿ. ಜಮೀನು ಮರಳಿ ಬರಬಹುದು ಎಂಬ ಆಸೆ ಇದ್ದರೆ ಅದನ್ನೂ ಬಿಡಿ. ಗೇಣಿಗೆ ಕೊಟ್ಟ ಭೂಮಿಯೆಲ್ಲ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಒಕ್ಕಲುಗಳ ಕೈಗೆ ಹೋಯಿತು, ಹೋಗಬೇಕಾದದ್ದೇ.

ನಮ್ಮ ಉಯಿಲು ಮೂರೇ ಪುಟ. ಮುತ್ತಜ್ಜ ಸ್ವಂತ ದುಡಿಮೆಯಿಂದ ಕೊಂಡಿದ್ದ ಒಂದು ಮಜಲು ಗದ್ದೆಯನ್ನು ಸೋದರಳಿಯನಿಗೆ ಬಿಟ್ಟು, ಅದರ ಉತ್ಪತ್ತಿಯಿಂದ ಹೆಂಡತಿಗೆ ಅವಳ ಜೀವಮಾನವಿಡೀ ವರ್ಷಕ್ಕೆ ಹದಿನೈದು ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿಯನ್ನು ‘ಯಾವ ತಕರಾರೂ ಇಲ್ಲದೆ’ ಮುಟ್ಟಿಸಬೇಕು ಎಂದು ಬರೆಸಿದ್ದರು. ನಕಲು ಹಿಡಿದು ಆ ಗುತ್ತಿಗೆ ಹೋದೆ. ಯಜಮಾನರು ಮಾತನಾಡಲಿಲ್ಲ. ಕಾಲು ತೊಳೆಯಲು ನೀರು ಕೊಟ್ಟರು, ಒಳಗಿನಿಂದ ಮರದ ಪೆಟ್ಟಿಗೆ ತಂದು ಮುಂದಿಟ್ಟರು. ಬಾಳೆನಾರಿನಲ್ಲಿ ಕಟ್ಟಿದ ತುಂಡು ಕಾಗದಗಳು, ಗೆದ್ದಲು ತಿಂದ ಅಂಚು. ಪ್ರತಿಯೊಂದರಲ್ಲೂ ‘ಹದಿನೈದು ಮುಡಿ ಸಂದಿದೆ’ ಎಂಬ ಒಂದು ಸಾಲು, ಕೆಳಗೆ ಮುತ್ತಜ್ಜಿಯ ಹೆಬ್ಬೆಟ್ಟು. 1937ರಿಂದ 1952ರವರೆಗೆ ಇವೆ, 1943ರದ್ದು ಮಾತ್ರ ಇಲ್ಲ. ಕೊನೆಯ ಎರಡರಲ್ಲಿ ಹೆಬ್ಬೆಟ್ಟಿನ ಜಾಗದಲ್ಲಿ ‘ತಾಯಿಯ ಪರವಾಗಿ’ ಎಂದು ಬರೆದು ಸಹಿ ಹಾಕಲಾಗಿದೆ. ಆ ಓರೆ ಅಕ್ಷರ ನನಗೆ ಚೆನ್ನಾಗಿ ಗೊತ್ತು. ಆಟಿಯ ಮಳೆಯ ಕಥೆ ಹೇಳುತ್ತಿದ್ದ ನಮ್ಮ ಅಜ್ಜನದು.