ಕೆಲಸ ಬಿಟ್ಟು ಮೇಕಪ್ ಆರ್ಟಿಸ್ಟ್ ಆಗಲಾ ಅಕ್ಕ?

ಪ್ರಶ್ನೆ: ಅಕ್ಕ, ನನಗೆ 25 ವರ್ಷ. ಊರು ಕುಂದಾಪುರದ ಹತ್ತಿರ, ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಬಿ.ಕಾಂ. ಮುಗಿಸಿ ಲೋವರ್ ಪರೇಲ್‌ನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ರಜೆ ಇದ್ದಾಗ ನಮ್ಮವರ ಮದುವೆಗಳಲ್ಲಿ ಮದುಮಗಳಿಗೆ ಮೇಕಪ್ ಮಾಡುತ್ತೇನೆ, ಎರಡು ಫೋಟೊ ಕಳಿಸಿದ್ದೇನೆ ನೋಡಿ. ಆದರೆ ನನ್ನ ಆಸೆ ಫ್ಯಾಷನ್ ಷೋ, ಮ್ಯಾಗಜೀನ್ ಷೂಟ್. ಅಂಧೇರಿಯ ಒಂದು ಅಕಾಡೆಮಿಯವರು 6 ತಿಂಗಳ ಕೋರ್ಸ್‌ಗೆ 3 ಲಕ್ಷ ಕೇಳುತ್ತಿದ್ದಾರೆ, ಫ್ಯಾಷನ್ ವೀಕ್‌ನಲ್ಲಿ ಕೆಲಸ ಕೊಡಿಸುತ್ತೇವೆ ಅಂತಾರೆ. 5 ಸಾವಿರ ಟೋಕನ್ ಕೊಟ್ಟಾಗಿದೆ. ನನ್ನ ಮದುವೆಗೆ ಅಂತ ಇಟ್ಟ ಎಫ್‌ಡಿ ಮುರಿದರೆ ಉಳಿದದ್ದು ಹೊಂದುತ್ತದೆ. ಇನ್ನೊಂದು ಕಡೆ, ಷೂಟ್‌ಗಳಲ್ಲಿ ಮೇಕಪ್ ಮಾಡುವ ಒಬ್ಬರು 'ಅಸಿಸ್ಟೆಂಟ್ ಆಗಿ ಬಾ, ಸದ್ಯಕ್ಕೆ ದುಡ್ಡು ಕೊಡೋಕಾಗಲ್ಲ' ಅಂದಿದ್ದಾರೆ. ಅಪ್ಪಯ್ಯ ಹೋಟೆಲ್ ಮ್ಯಾನೇಜರ್. 'ಕಂಡವರ ಮುಖಕ್ಕೆ ಬಣ್ಣ ಬಳಿಯೋಕೆ ಬಿ.ಕಾಂ. ಓದಿಸಬೇಕಿತ್ತಾ' ಅಂದು ಮಾತು ಬಿಟ್ಟಿದ್ದಾರೆ. ಹೆಂಗಸರಿಗೆ ಆ ಲೈನಿನಲ್ಲಿ ಸಂಘದ ಮೇಕಪ್ ಕಾರ್ಡೇ ಕೊಡಲ್ಲ ಅಂತ ಬೇರೆ ಯಾರೋ ಅವರ ತಲೆಗೆ ತುಂಬಿದ್ದಾರೆ. ಚಿಕ್ಕವಳಿದ್ದಾಗ ನನ್ನನ್ನು ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿ ಬಣ್ಣದ ಹುಚ್ಚು ಹಿಡಿಸಿದವರೇ ಅವರು! ರಾಜೀನಾಮೆ ಪತ್ರ ಟೈಪ್ ಮಾಡಿ ಇಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ತಂಗಿ, ಆ ಪತ್ರ ಹಾಗೇ ಇರಲಿ, ಕಳಿಸಬೇಡ. ಎಫ್‌ಡಿ ಮುಟ್ಟಬೇಡ. ಆ ಅಸಿಸ್ಟೆಂಟ್ ಕೆಲಸಕ್ಕೆ ಮಾತ್ರ ಹೂಂ ಅನ್ನು, ಅದೂ ಶನಿವಾರ ಭಾನುವಾರಕ್ಕೆ. ನನ್ನ ಉತ್ತರ ಇಷ್ಟೇ, ಉಳಿದದ್ದು ಯಾಕೆ ಅನ್ನೋದು.

ಮೊದಲು ನಿನ್ನ ಫೋಟೊ ವಿಷಯ. ಬೇಜಾರಾದರೂ ಪರವಾಗಿಲ್ಲ, ಹೇಳಿಬಿಡುತ್ತೇನೆ. ಕಣ್ಣಿನ ಕೆಲಸ ಚೆನ್ನಾಗಿದೆ. ಕಾಡಿಗೆ ಎಳೆದ ಕೈಯಲ್ಲಿ ಅಳುಕಿಲ್ಲ, ಎರಡೂ ಕಣ್ಣು ಸಮ ಇವೆ, ಅದು ಎಲ್ಲರಿಗೂ ಬರಲ್ಲ. ಆದರೆ ಮೊದಲ ಫೋಟೊದಲ್ಲಿ ಮದುಮಗಳ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಮದರಂಗಿ ಹಾಕಿದ ಕೈ ಮೂರನೇ ಬಣ್ಣ. ಎರಡನೆಯದರಲ್ಲಿ ಮುಖಕ್ಕೆ ಬೂದಿ ಬಳಿದ ಹಾಗೆ ಒಂದು ಛಾಯೆ ಬಂದಿದೆ. ಕಣ್ಣಿನ ಕೆಳಗೆ ಫ್ಲ್ಯಾಶ್ ಬಿದ್ದು ಪೌಡರ್ ಬೆಳ್ಳಗೆ ಎದ್ದಿದೆ. ಷೂಟ್‌ಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಗೆಳತಿಯೊಬ್ಬಳಿಗೆ ಮದುಮಗಳ ಗುರುತು ಸಿಗದ ಹಾಗೆ ಕತ್ತರಿಸಿ ತೋರಿಸಿದೆ. ಅವಳು ಹೇಳಿದ್ದೂ ಇದನ್ನೇ.

ಇದರಲ್ಲಿ ತಪ್ಪು ನಿನ್ನದೊಂದೇ ಅಲ್ಲ ಅಂತ ಗೊತ್ತು. ಮದುವೆ ಮನೆಯಲ್ಲಿ ಮದುಮಗಳ ಅಮ್ಮ ಬೆನ್ನ ಹಿಂದೆ ನಿಂತು 'ಇನ್ನೂ ಸ್ವಲ್ಪ ಬೆಳ್ಳಗೆ ಮಾಡು' ಅಂತಿರುತ್ತಾರೆ, ದುಡ್ಡು ಕೊಡುವವರು ಅವರು, ನೀನೇನು ಮಾಡ್ತೀಯ? ಎರಡು ಶೇಡ್ ತಿಳಿಯದು ಹಾಕ್ತೀಯ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಹಳದಿಯ, ಕೆಂಪಿನ ಒಳಛಾಯೆ ಇರುತ್ತದೆ, ಅದರ ಮೇಲೆ ತಿಳಿ ಬಣ್ಣ ಕೂತರೆ ಬೂದು ಆಗಿಯೇ ಆಗುತ್ತದೆ. ಫ್ಯಾಷನ್ ಷೂಟ್‌ನಲ್ಲಿ ಇದು ನಡೆಯುವುದೇ ಇಲ್ಲ. ಅಲ್ಲಿ ಕಪ್ಪು ಹುಡುಗಿಯನ್ನು ಆ ಬಣ್ಣಕ್ಕೇ ಆರಿಸಿಕೊಂಡಿರುತ್ತಾರೆ. ನೀನು ಅವಳನ್ನು ಬಿಳಿ ಮಾಡಿದರೆ ಮುಖ ತೊಳೆಸಿ ಇನ್ನೊಬ್ಬರ ಕುರ್ಚಿಯಲ್ಲಿ ಕೂರಿಸುತ್ತಾರೆ.

ಹಾಗಾಗಿ ಈಗಿನಿಂದಲೇ ಶುರು ಮಾಡು. ಫೌಂಡೇಶನ್ ಶೇಡ್ ಅನ್ನು ಕೈ ಮೇಲೆ ನೋಡಬೇಡ. ದವಡೆಯ ಅಂಚಿನಲ್ಲಿ ಎಳೆದು ಕುತ್ತಿಗೆಯ ಕಡೆಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ಕಿಟಕಿ ಬೆಳಕಿನಲ್ಲಿ ನೋಡು. ಕೆಲವು ಫೌಂಡೇಶನ್ ಚರ್ಮದ ಎಣ್ಣೆಗೆ ಗಾಳಿಗೆ ಸೇರಿ ಒಂದು ಶೇಡ್ ಕಪ್ಪಾಗುತ್ತವೆ, ಮುಂಬಯಿಯ ಸೆಕೆಯಲ್ಲಂತೂ ಕೇಳಲೇಬೇಡ. ಕಣ್ಣ ಕೆಳಗಿನ ಕಪ್ಪಿಗೆ ಮೇಲೆ ಮೇಲೆ ಕನ್ಸೀಲರ್ ಮೆತ್ತುವ ಬದಲು ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ಹಾಕು, ಆಮೇಲೆ ಕನ್ಸೀಲರ್ ಸ್ವಲ್ಪ ಸಾಕು. ಸಿಲಿಕಾ ಇರುವ ಬಿಳಿ ಪೌಡರ್, ಝಿಂಕ್ ಅಥವಾ ಟೈಟಾನಿಯಂ ಇರುವ ಸನ್‌ಸ್ಕ್ರೀನು ಕಣ್ಣಿಗೆ ಕಾಣದಿದ್ದರೂ ಫ್ಲ್ಯಾಶ್‌ಗೆ ಬೆಳ್ಳಗೆ ಹೊಳೆಯುತ್ತವೆ. ಪ್ರತಿ ಸಲ ಮೇಕಪ್ ಮುಗಿದ ಮೇಲೆ ನಿನ್ನ ಫೋನಿನಲ್ಲೇ ಒಂದು ಫೋಟೊ ಫ್ಲ್ಯಾಶ್ ಹಾಕಿ, ಒಂದು ಹಾಕದೆ ತೆಗೆದು ನೋಡು. ಖರ್ಚಿಲ್ಲದ ಪಾಠ ಇದು.

ಈಗ ಆ 3 ಲಕ್ಷದ ಕೋರ್ಸ್. ಕೋರ್ಸೇ ಬೇಡ ಅಂತ ನಾನು ಹೇಳಲ್ಲ. ಆದರೆ ಷೂಟ್‌ಗೆ ಕರೆಯುವವರು ಸರ್ಟಿಫಿಕೇಟ್ ಕೇಳುವುದು ಅಪರೂಪ. ನಿನ್ನ ಫೋಟೊ ನೋಡುತ್ತಾರೆ, ಯಾರ ಕೈ ಕೆಳಗೆ ಕೆಲಸ ಮಾಡಿದ್ದೀಯ ಅಂತ ಕೇಳುತ್ತಾರೆ. ಫ್ಯಾಷನ್ ವೀಕ್‌ನಲ್ಲಿ ಕೆಲಸ ಕೊಡಿಸ್ತೇವೆ ಅನ್ನುವ ಮಾತಿನ ಅರ್ಥ ಎಷ್ಟೋ ಸಲ ಇಷ್ಟೇ: ಒಂದು ದಿನ ಬ್ಯಾಕ್‌ಸ್ಟೇಜ್‌ನಲ್ಲಿ ನಿಂತು ಬ್ರಷ್ ತೊಳೆದು, ಸಂಬಳ ಇಲ್ಲದೆ ಮನೆಗೆ ಬರುವುದು. ಆ ಒಂದು ದಿನವೂ ಒಳ್ಳೆಯದೇ, ಆದರೆ ಅದಕ್ಕೆ 3 ಲಕ್ಷದ ಬೆಲೆ ಇಲ್ಲ. ಅವರಿಗೆ ಫೋನ್ ಮಾಡಿ ಕೇಳು, ಕಲಿಸುವವರು ಯಾರು, ಅವರು ಈ ವರ್ಷ ಮಾಡಿದ ಕೆಲಸ ಯಾವುದು, ಬ್ಯಾಚಿನಲ್ಲಿ ಎಷ್ಟು ಜನ, ಒಬ್ಬೊಬ್ಬರಿಗೆ ಎಷ್ಟು ನಿಜವಾದ ಮುಖ ಸಿಗುತ್ತದೆ, ಕಪ್ಪು ಚರ್ಮದ ಮಾಡೆಲ್ ಎಷ್ಟು ಜನ ಬರುತ್ತಾರೆ. ತಡವರಿಸಿದರೆ ನಿನಗೆ ಉತ್ತರ ಸಿಕ್ಕಿತು. ಕಡಿಮೆ ದುಡ್ಡಿನಲ್ಲಿ ಬುನಾದಿ ಬೇಕು ಅಂದರೆ ಐಟಿಐಗಳಲ್ಲಿ ಕಾಸ್ಮೆಟಾಲಜಿ ಅಂತ 1 ವರ್ಷದ ಟ್ರೇಡ್ ಇದೆ. ಅದು ಕೆಲಸದ ಜೊತೆ ಹೊಂದುವುದು ಕಷ್ಟ, ಆದ್ದರಿಂದ ನಿನಗೆ ಅಲ್ಲ. ಕ್ಯಾಮೆರಾ ಮೇಕಪ್ ಬಗ್ಗೆ ಮಾತ್ರ ಹೇಳಿಕೊಡುವ ವಾರಾಂತ್ಯದ ಸಣ್ಣ ಕ್ಲಾಸ್ ಯಾವುದಾದರೂ ಸಿಕ್ಕರೆ ಸೇರು, ಉಳಿದ ದುಡ್ಡು ಕಿಟ್‌ಗೆ ಹಾಕು.

ಕಿಟ್ ಅಂದರೆ ಹತ್ತು ಲಿಪ್‌ಸ್ಟಿಕ್ ಅಲ್ಲ. ಎಲ್ಲ ಚರ್ಮಕ್ಕೂ ಬೆರೆಸಿಕೊಳ್ಳುವಷ್ಟು ಫೌಂಡೇಶನ್ ಶೇಡ್, ಒಳ್ಳೆಯ ಬ್ರಷ್, ಸ್ಟೀಲ್ ಪ್ಯಾಲೆಟ್, ಸ್ಪ್ಯಾಚುಲಾ, ಒಬ್ಬರಿಗೆ ಬಳಸಿ ಎಸೆಯುವ ಮಸ್ಕಾರಾ ಕಡ್ಡಿ, ಇವನ್ನೆಲ್ಲ ಶುದ್ಧ ಮಾಡೋಕೆ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್. ಲಿಪ್‌ಸ್ಟಿಕ್ ನೇರ ತುಟಿಗೆ ತಿಕ್ಕುವುದು, ಮಸ್ಕಾರಾ ಕಡ್ಡಿಯನ್ನು ಎರಡನೇ ಸಲ ಬಾಟಲಿಗೆ ಅದ್ದುವುದು, ಬ್ರಷ್‌ಗೆ ಉಫ್ ಅಂತ ಊದುವುದು, ಈ ಮೂರನ್ನು ನೋಡಿದರೆ ದೊಡ್ಡ ಮಾಡೆಲ್‌ಗಳು ಕುರ್ಚಿಯಿಂದ ಎದ್ದೇ ಹೋಗುತ್ತಾರೆ. ಕ್ರಾಫರ್ಡ್ ಮಾರ್ಕೆಟ್ ಕಡೆ ಸಾಮಾನು ಅಗ್ಗಕ್ಕೆ ಸಿಗುತ್ತದೆ, ಹೋಗು, ಆದರೆ ಅಲ್ಲಿ ನಕಲಿಯೂ ಕಣ್ಣೆದುರೇ ಇರುತ್ತದೆ. ಬ್ರಷ್ ಡಬ್ಬ ಸ್ಪಂಜು ಅಲ್ಲಿ ತಗೋ, ಚರ್ಮಕ್ಕೆ ಹಚ್ಚುವುದನ್ನು ಬಿಲ್ ಕೊಡುವ ಅಂಗಡಿಯಲ್ಲೇ ತಗೋ.

ಅಸಿಸ್ಟೆಂಟ್ ಕೆಲಸಕ್ಕೆ ಹೂಂ ಅನ್ನು ಅಂದೆನಲ್ಲ, ಅದಕ್ಕೆ ಕಾರಣ ಇದೆ. ಷೋ ಅಂದರೆ ಒಬ್ಬ ಕೀ ಆರ್ಟಿಸ್ಟ್ ಲುಕ್ ಒಂದನ್ನು ನಿರ್ಧರಿಸುತ್ತಾರೆ, ಒಂದು ಮುಖದ ಮೇಲೆ ಮಾಡಿ ತೋರಿಸುತ್ತಾರೆ, ಉಳಿದವರೆಲ್ಲ ಅದನ್ನೇ ಹತ್ತಾರು ಮುಖಗಳ ಮೇಲೆ ಅಚ್ಚು ಹಾಕಿದಂತೆ ಮಾಡಬೇಕು. ಒಬ್ಬ ಹುಡುಗಿ ಹಿಂದಿನ ಷೋನ ಕೆಂಪು ತುಟಿ, ಮಿಂಚು ಹಾಗೇ ಹೊತ್ತುಕೊಂಡು ಓಡಿ ಬಂದು ಕೂರುತ್ತಾಳೆ, ಅದನ್ನು ಒರೆಸಿ ಹೊಸದು ಮಾಡೋಕೆ ನಿನಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ, ಮೇಲಿಂದ ಒಂದು ಕಡೆ ಕೂದಲು ಎಳೆಯುವವರು, ಇನ್ನೊಂದು ಕಡೆ ಉಗುರಿಗೆ ಬಣ್ಣ ಹಚ್ಚುವವರು, ಯಾರೋ ಹೆಸರು ಕೂಗುತ್ತಿರುತ್ತಾರೆ. ಮದುಮಗಳಿಗೆ ಎರಡು ಗಂಟೆ ತೆಗೆದುಕೊಂಡು ಅಭ್ಯಾಸ ಆದ ಕೈಗೆ ಇದು ಕ್ಲಾಸ್‌ರೂಮಿನಲ್ಲಿ ಬರಲ್ಲ. ಇನ್ನೊಬ್ಬರು ಹೇಳಿದ್ದನ್ನೇ ಮಾಡಬೇಕು, ನಿನ್ನ ಕ್ರಿಯೇಟಿವಿಟಿ ಚೀಲದಲ್ಲಿ ಇರಲಿ. ಇದು ನಿನಗೆ ಒಗ್ಗುತ್ತದಾ ಅಂತ ನಾಲ್ಕಾರು ಶನಿವಾರದಲ್ಲಿ ಗೊತ್ತಾಗುತ್ತದೆ. ಒಗ್ಗದಿದ್ದರೆ ನಿನ್ನ ಕೆಲಸವೂ ಇದೆ, ಎಫ್‌ಡಿಯೂ ಇದೆ.

ಆದರೆ ಬಿಟ್ಟಿ ದುಡಿಮೆಗೆ ಒಂದು ಗಡಿ ಇರಲಿ. ಮೊದಲ ಕೆಲವು ದಿನ ಕಲಿಯೋಕೆ, ಸರಿ. ಊಟ, ಹೋಗಿ ಬರುವ ಖರ್ಚು ಅವತ್ತಿನಿಂದಲೇ ಅವರದು ಅಂತ ಮೊದಲೇ ಮೆಸೇಜ್‌ನಲ್ಲಿ ಬರೆಸಿಕೋ. ಕ್ಲೈಂಟ್‌ನಿಂದ ಅವರಿಗೆ ದುಡ್ಡು ಬರುವ ಕೆಲಸದಲ್ಲಿ ನೀನು ಮುಖ ಮುಗಿಸಿ ಕೊಡುವ ಮಟ್ಟಕ್ಕೆ ಬಂದ ಮೇಲೆ ದಿನಕ್ಕೆ ಇಷ್ಟು ಅಂತ ಬಾಯಿಬಿಟ್ಟು ಕೇಳು, ನಾಚಿಕೆ ಬೇಡ. ಕೆಲಸ ಕೊಡೋಕೆ ಡೆಪಾಸಿಟ್ ಕೇಳಿದರೆ, ಟ್ರಯಲ್ ಅಂತ ಒಬ್ಬಳನ್ನೇ ಹೋಟೆಲ್ ರೂಮಿಗೆ ಕರೆದರೆ, ಅಲ್ಲಿಗೇ ಮುಗಿಸು. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾನೂನು ಟ್ರೈನಿಗಳಿಗೆ, ಸಂಬಳ ಇಲ್ಲದೆ ದುಡಿಯುವವರಿಗೆ ಸಹ ಅನ್ವಯಿಸುತ್ತದೆ, ತಿಳಿದಿರಲಿ.

ಮದುವೆ ಮೇಕಪ್ ಬಿಡಬೇಡ. ಫ್ಯಾಷನ್ ಹುಡುಗಿಯರು ಬ್ರೈಡಲ್ ಅಂದರೆ ಮೂಗು ಮುರಿಯುತ್ತಾರೆ, ಮುರಿಯಲಿ. ಮ್ಯಾಗಜೀನ್ ಷೂಟ್‌ನಲ್ಲಿ ಹೆಸರು ಜಾಸ್ತಿ, ದುಡ್ಡು ಕಡಿಮೆ. ಬಾಡಿಗೆ ಕಟ್ಟುವುದು ಮದುಮಗಳೇ. ನಮ್ಮಲ್ಲಿ ಹೇಗೂ ಆಷಾಢದಲ್ಲಿ, ತುಳುವರ ಆಟಿ ತಿಂಗಳಲ್ಲಿ ಮದುವೆ ಇರಲ್ಲ ಅಲ್ವಾ, ಆ ದಿನಗಳನ್ನು ಟೆಸ್ಟ್ ಷೂಟ್‌ಗೆ ಇಟ್ಟುಕೋ. ಹೊಸ ಫೋಟೊಗ್ರಾಫರ್, ಹೊಸ ಮಾಡೆಲ್, ನೀನು, ಮೂವರೂ ದುಡ್ಡು ತೆಗೆದುಕೊಳ್ಳದೆ ಫೋಟೊ ಹಂಚಿಕೊಳ್ಳುವುದು. ಇದಕ್ಕೆ ಅಂಧೇರಿಗೇ ಓಡಬೇಕಿಲ್ಲ. ಖಾರ್‌ಘರ್‌ನಲ್ಲಿ ನಿಫ್ಟ್ ಅನ್ನುವ ಫ್ಯಾಷನ್ ಕಾಲೇಜಿದೆ, ಡೊಂಬಿವಲಿಯಿಂದ ಶೀಳ್‌ಫಾಟಾ ಮೇಲೆ ಹೋದರೆ ಆಯಿತು. ಬಟ್ಟೆ ವಿನ್ಯಾಸ ಕಲಿಯುವ ಮಕ್ಕಳಿಗೆ ತಮ್ಮ ಕಲೆಕ್ಷನ್ ಫೋಟೊ ತೆಗೆಸೋಕೆ ಮೇಕಪ್‌ನವರು ಬೇಕೇ ಬೇಕು, ಕೊಡೋಕೆ ಅವರ ಹತ್ತಿರ ಕಾಸಿರಲ್ಲ. ನಿನಗೆ ಬೇಕಿರುವುದೂ ಕಾಸಲ್ಲ, ಫೋಟೊ.

ಇನ್ನು ಅಪ್ಪಯ್ಯ. ಕಾರ್ಡ್ ಮಾತು ಪೂರ್ತಿ ಸುಳ್ಳಲ್ಲ, ಹಳೆಯದು. ಮುಂಬಯಿಯ ಸಿನಿಮಾ ಮೇಕಪ್ ಕಲಾವಿದರ ಸಂಘ ದಶಕಗಳ ಕಾಲ ಹೆಂಗಸರಿಗೆ ಕೂದಲು ಕಟ್ಟುವ ಕಾರ್ಡ್ ಮಾತ್ರ ಕೊಡುತ್ತಿತ್ತು, ಮೇಕಪ್ ಕಾರ್ಡ್ ಗಂಡಸರಿಗೆ ಮಾತ್ರ. ಚಾರು ಖುರಾನಾ ಅನ್ನುವ ಕಲಾವಿದೆ ಸುಪ್ರೀಂ ಕೋರ್ಟಿಗೆ ಹೋದರು, 2014ರ ನವೆಂಬರ್ 10ರಂದು ಕೋರ್ಟ್ ಆ ನಿಯಮ ಹೊಡೆದುಹಾಕಿತು. ಮಹಾರಾಷ್ಟ್ರದಲ್ಲಿ 5 ವರ್ಷ ವಾಸ ಇರಬೇಕು ಅನ್ನುವ ಷರತ್ತೂ ಅದರ ಜೊತೆಗೇ ಹೋಯಿತು. ಇದನ್ನು ಅಪ್ಪಯ್ಯನಿಗೆ ಓದಿ ಹೇಳು. ಇನ್ನು 'ಬಣ್ಣ ಬಳಿಯುವುದು' ಅಂದದ್ದಕ್ಕೆ ಜಗಳ ಬೇಡ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಮುಂಬಯಿಗೆ ಬಂದಾಗ ಜೊತೆಗೆ ಹೋಗಿ ಚೌಕಿಯಲ್ಲಿ ಕೂರು. ಬಣ್ಣದ ವೇಷದವರು ಅಕ್ಕಿ ಹಿಟ್ಟು ಸುಣ್ಣದ ಚುಟ್ಟಿಯನ್ನು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಏರಿಸುವುದನ್ನು ಉಸಿರು ಬಿಗಿಹಿಡಿದು ನೋಡುವ ಮನುಷ್ಯ, ಮಗಳ ಕೈಯಲ್ಲಿ ಬ್ರಷ್ ನೋಡಿದರೆ ಯಾಕೆ ಸಿಡುಕುತ್ತಾರೆ? ನನ್ನ ಅಂದಾಜು, ಅವರ ತಕರಾರು ಬಣ್ಣದ್ದಲ್ಲವೇ ಅಲ್ಲ. ಬೆಳಗಿನ 5 ಗಂಟೆಗೇ ಸೆಟ್‌ನಲ್ಲಿರಬೇಕು ಅಂದರೆ ಡೊಂಬಿವಲಿಯಿಂದ ಅಂಧೇರಿಗೆ ಮಗಳು ಹೇಗೆ ಹೋಗ್ತಾಳೆ, ರಾತ್ರಿ ಲೇಟಾದರೆ ಹೇಗೆ ಬರ್ತಾಳೆ, ಅದು. ಘಾಟ್‌ಕೋಪರ್‌ನಲ್ಲಿ ಇಳಿದು ಮೆಟ್ರೊ ಹತ್ತುತ್ತೇನೆ ಅಂದರೆ ಅಷ್ಟು ಹೊತ್ತಿಗೆ ಮೆಟ್ರೊ ಇರಲ್ಲ. ಅಂಧೇರಿ ಕಡೆ ಯಾರ ಮನೆಯಲ್ಲಿ ಉಳಿಯುತ್ತೀಯ, ಟ್ಯಾಕ್ಸಿ ಖರ್ಚು ಯಾರದು, ಸೆಟ್‌ನ ವಿಳಾಸ ಯಾರ ಹತ್ತಿರ ಇರುತ್ತದೆ, ಇವಕ್ಕೆ ಉತ್ತರ ಇಟ್ಟುಕೊಂಡು ಮಾತಿಗೆ ಕೂರು. ನಿನ್ನ ದೊಡ್ಡಮ್ಮನೋ ಅತ್ತೆಯೋ ಅಂಧೇರಿ, ಜೋಗೇಶ್ವರಿ ಕಡೆ ಇದ್ದೇ ಇರುತ್ತಾರೆ, ಮುಂಬಯಿಯಲ್ಲಿ ನಮ್ಮವರಿಗೆ ಏನು ಬರಗಾಲ.

ಹೋಟೆಲಿನವರಿಗೆ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಅದನ್ನೇ ತೋರಿಸು. ಮೇಕಪ್‌ನಿಂದ ತಿಂಗಳಿಗೆ ಎಷ್ಟು ಬಂತು, ಎಷ್ಟು ಹೋಯಿತು, ಯಾರು ಬಾಕಿ, ಒಂದು ಪುಸ್ತಕ. ನಿನ್ನ ಮನೆ ಖರ್ಚಿನ ಪಾಲು ಸತತ 6 ತಿಂಗಳು ಮೇಕಪ್ ದುಡ್ಡಿನಿಂದಲೇ ಕಟ್ಟುವ ಹಾಗಾದರೆ, ಆವತ್ತು ಆ ರಾಜೀನಾಮೆ ಪತ್ರದ ದಿನಾಂಕ ಬದಲಾಯಿಸು.

ಅಕೌಂಟ್ಸ್ ಗೊತ್ತಿರುವುದು ಈ ಲೈನಿನಲ್ಲಿ ಬ್ರಷ್‌ನಷ್ಟೇ ಕೆಲಸಕ್ಕೆ ಬರುತ್ತದೆ. ಕೆಲಸ ಮುಗಿದು ಮೂರು ತಿಂಗಳಾದರೂ ದುಡ್ಡು ಬರದೆ ಫೋನ್ ಮೇಲೆ ಫೋನ್ ಮಾಡುವ ಆರ್ಟಿಸ್ಟ್‌ಗಳು ಬೇಕಾದಷ್ಟಿದ್ದಾರೆ. ನೀನು ಸಣ್ಣ ಉದ್ಯಮಗಳಿಗೆ ಅಂತ ಸರ್ಕಾರ ಮಾಡುವ ಉದ್ಯಮ್ ರಿಜಿಸ್ಟ್ರೇಷನ್ ಮಾಡಿಸಿಕೋ. ಆಧಾರ್, ಪ್ಯಾನ್ ಸಾಕು, ಫೀಸ್ ಇಲ್ಲ, ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾನೂನಿನ ಪ್ರಕಾರ ಕೆಲಸ ಕೊಟ್ಟವರು ನಿನ್ನಂಥ ಸಣ್ಣವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇನ್‌ವಾಯ್ಸ್‌ನ ಕೆಳಗೆ ಉದ್ಯಮ್ ನಂಬರ್ ಹಾಕಿ, ಈ 45 ದಿನದ ಸಾಲು ಬರೆದು ಕಳಿಸು.

ಅಕಾಡೆಮಿಯವರು 'ಇವತ್ತೇ ಕಟ್ಟಿದರೆ ಡಿಸ್ಕೌಂಟ್' ಅಂತ ಮತ್ತೆ ಫೋನ್ ಮಾಡುತ್ತಾರೆ, ಗ್ಯಾರಂಟಿ. ಟೋಕನ್ ವಾಪಸ್ ಬೇಕು ಅಂತ ಇಮೇಲ್‌ನಲ್ಲಿ ಕೇಳು, ರಸೀದಿಯ ಫೋಟೊ ಲಗತ್ತಿಸು. ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ ಆ 5 ಸಾವಿರ ಹೋಯಿತು ಅಂತ ಬಿಡು, ಅದರ ಹಿಂದೆ ಇನ್ನು ಎರಡು ಲಕ್ಷದ ತೊಂಬತ್ತೈದು ಸಾವಿರ ಕಳಿಸಬೇಡ.